ಕೈ ಬಿಟ್ಟರೂ ಬಿಡದ ಆಕ್ಸಿಲರೇಟರ್

ಚಳಿಗಾಲದ ನಸುಕಿನಲ್ಲಿ, ಬೆಳಗಿನ ನಾಲ್ಕೂವರೆ ಐದು ಗಂಟೆಗೆಲ್ಲ ಗಾಡಿ ಹತ್ತಿ ರಸ್ತೆಗಿಳಿಯುವವರು ಯಾರು? ಮೋಜಿಗಾಗಿ ಬೈಕ್ ಓಡಿಸುವವರಂತೂ ಅಲ್ಲ. ಡೇರಿಗೆ ಹಾಲಿನ ಕ್ಯಾನು ಸಾಗಿಸುವವರು, ಮಾರುಕಟ್ಟೆಗೆ ಹೂವು, ಸೊಪ್ಪು ಹೊತ್ತೊಯ್ಯುವ ರೈತರು, ರಾಮನಗರಕ್ಕೆ ರೇಷ್ಮೆಗೂಡು ಒಯ್ಯುವವರು, ಪೇಪರ್ ಹಾಕುವ ಹುಡುಗರು, ರಾತ್ರಿ ಪಾಳಿ ಮುಗಿಸಿ ಮನೆಯ ದಾರಿ ಹಿಡಿದ ಕಾರ್ಮಿಕರು. ಇವರ ಪೈಕಿ ಬಹಳಷ್ಟು ಜನರ ಗಾಡಿಗಳು ಹಳೆಯವು. ಸರ್ವಿಸ್ ಕಂಡು ಎಷ್ಟು ಕಾಲವಾಯಿತೋ ಒಡೆಯನಿಗೇ ನೆನಪಿರುವುದಿಲ್ಲ.

ಚಳಿಯಲ್ಲಿ ಗಾಡಿ ಸ್ಟಾರ್ಟ್ ಆಗದೆ ಸತಾಯಿಸುವುದು ಎಲ್ಲರಿಗೂ ಗೊತ್ತಿರುವ ಕಾಟ. ಹತ್ತು ಸಲ ಕಿಕ್ ಹೊಡೆದು ಬೆವರು ಬಂದೀತೇ ಹೊರತು ಅದರಿಂದ ಪ್ರಾಣಕ್ಕೇನೂ ಅಪಾಯವಿಲ್ಲ. ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತೊಂದರೆ ಇದೆ. ಅದೇ, ಓಡುತ್ತಿರುವ ಗಾಡಿಯ ಆಕ್ಸಿಲರೇಟರ್ ಹಿಡಿದುಕೊಂಡುಬಿಡುವುದು. ಕೈ ಸಡಿಲಿಸಿದರೂ ಹಿಡಿ ಹಿಂದಕ್ಕೆ ಬರುವುದಿಲ್ಲ. ಅಥವಾ ಹಿಡಿ ಬಂದರೂ ಎಂಜಿನ್ನಿನ ವೇಗ ಇಳಿಯುವುದಿಲ್ಲ!

ಘಾಟಿ ರಸ್ತೆಯ ಒಂದು ತಿರುವಿನಲ್ಲಿ ಹೀಗಾಯಿತೆಂದು ಕಲ್ಪಿಸಿಕೊಳ್ಳಿ. ಮುಂದೆ ಮಂಜು, ಕೆಳಗೆ ಒದ್ದೆ ರಸ್ತೆ. ಸವಾರ ವಾಡಿಕೆಯಂತೆ ಕೈ ಸಡಿಲಿಸುತ್ತಾನೆ. ಗಾಡಿ ಮಾತ್ರ ಮೊದಲಿನಷ್ಟೇ ರಭಸದಿಂದ ಮುನ್ನುಗ್ಗುತ್ತದೆ. ಗಾಬರಿಯಲ್ಲಿ ಹ್ಯಾಂಡಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಹಾಗೆ ಬಿಗಿ ಹಿಡಿದಾಗ ಮಣಿಕಟ್ಟು ಬಾಗಿ ಆಕ್ಸಿಲರೇಟರ್ ಮತ್ತಷ್ಟು ತಿರುಗುವುದೂ ಉಂಟು. ಬ್ರೇಕ್ ಒತ್ತಿದರೆ ಒಂದು ಕಡೆ ಬ್ರೇಕು, ಇನ್ನೊಂದು ಕಡೆ ಎಂಜಿನ್ನು, ಎರಡರ ಹಗ್ಗಜಗ್ಗಾಟ. ಕೊನೆಗೆ ಗಾಡಿ ಚರಂಡಿಯಲ್ಲಿ. ಓಡಿ ಬಂದವರ ಬಾಯಲ್ಲಿ ಒಂದೇ ಮಾತು: “ಎಷ್ಟು ಸ್ಪೀಡಾಗಿ ಬಂದ ನೋಡಿ!” ಗಾಡಿ ಎತ್ತಿ ನಿಲ್ಲಿಸುವಷ್ಟರಲ್ಲಿ ಎಂಜಿನ್ನಿನ ಶಾಖ ಕಾರ್ಬುರೇಟರಿಗೆ ಏರಿ, ಒಳಗೆ ಮಂಜುಗಡ್ಡೆ ಕಟ್ಟಿದ್ದರೆ ಅದೂ ಕರಗಿಹೋಗಿರುತ್ತದೆ. ಸಾಕ್ಷಿಯೇ ಕರಗಿದ ಮೇಲೆ ತಪ್ಪೆಲ್ಲ ಸವಾರನದೇ.

ತೆರೆಯುವುದು ಕೈ, ಮುಚ್ಚುವುದು ಸ್ಪ್ರಿಂಗು

ಇದು ಏಕೆ ಹೀಗಾಗುತ್ತದೆ ಎಂಬುದನ್ನು ತಿಳಿಯಲು ಮೆಕ್ಯಾನಿಕ್ ಆಗಿರಬೇಕಿಲ್ಲ. ಆಕ್ಸಿಲರೇಟರ್ ಹಿಡಿಯಿಂದ ಕಾರ್ಬುರೇಟರಿನವರೆಗೆ ಒಂದು ಕೇಬಲ್ ಹೋಗಿರುತ್ತದೆ. ಹೊರಗೊಂದು ಕೊಳವೆ, ಒಳಗೆ ಸಣ್ಣ ಎಳೆಗಳಿಂದ ಹೆಣೆದ ಉಕ್ಕಿನ ತಂತಿ. ಇಂಥ ಕೇಬಲ್ಲಿಗೆ ಬ್ರಿಟನ್ನಿನ ಅರ್ನೆಸ್ಟ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ. ಅದರಿಂದಲೇ ಅದಕ್ಕೆ ಬೌಡನ್ ಕೇಬಲ್ ಎಂಬ ಹೆಸರು. ನೀವು ಹಿಡಿ ತಿರುಗಿಸಿದಾಗ ತಂತಿ ಎಳೆದು, ಕಾರ್ಬುರೇಟರಿನೊಳಗೆ ಗಾಳಿಯ ದಾರಿಗೆ ಅಡ್ಡವಾಗಿರುವ ಸ್ಲೈಡನ್ನು ಮೇಲೆತ್ತುತ್ತದೆ. ಹಿಡಿ ಬಿಟ್ಟಾಗ ಒಂದು ಸ್ಪ್ರಿಂಗು ಆ ಸ್ಲೈಡನ್ನು ಕೆಳಕ್ಕೆ ತಳ್ಳುತ್ತದೆ.

ಇಡೀ ಗುಟ್ಟು ಇರುವುದು ಇಲ್ಲೇ. ತೆರೆಯುವ ಕೆಲಸ ನಿಮ್ಮ ಕೈಯದು. ಮುಚ್ಚುವ ಕೆಲಸ ಆ ಸ್ಪ್ರಿಂಗಿನದು. ಕೇಬಲ್ಲಿನೊಳಗೆ ತುಕ್ಕು ಹಿಡಿದಿರಲಿ, ಗ್ರೀಸು ಗಟ್ಟಿಯಾಗಿರಲಿ, ಕೈಯ ಬಲಕ್ಕೆ ಅದೊಂದು ಲೆಕ್ಕವೇ ಅಲ್ಲ. ಸ್ವಲ್ಪ ಬಿಗಿಯೆನಿಸಿದರೂ ತಿರುಗಿಸುತ್ತೇವೆ. ಆದರೆ ಸ್ಪ್ರಿಂಗಿಗೆ ಅಷ್ಟು ಬಲವೆಲ್ಲಿಯದು? ಹೀಗಾಗಿ ಬಿಗಿಯಾದ ಆಕ್ಸಿಲರೇಟರ್ ತೆರೆಯುತ್ತದೆ, ಮುಚ್ಚುವುದಿಲ್ಲ.

ಕೊಬ್ಬರಿ ಎಣ್ಣೆ ಕಲಿಸುವ ಪಾಠ

ಇದರಲ್ಲಿ ಚಳಿಯ ಪಾತ್ರವೇನು? ಡಿಸೆಂಬರ್ ಬೆಳಿಗ್ಗೆ ಮನೆಯ ಕೊಬ್ಬರಿ ಎಣ್ಣೆ ಬಾಟಲಿಯನ್ನು ನೋಡಿ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಹಿಡಿ ಬಿಗಿಯಾಯಿತೆಂದು ಬೇಸಿಗೆಯಲ್ಲಿ ಯಾರಾದರೂ ಅದೇ ಎಣ್ಣೆಯನ್ನು ಎರಡು ತೊಟ್ಟು ಬಿಟ್ಟಿದ್ದರೆ ಚಳಿಗಾಲದಲ್ಲಿ ಅದೇ ಅಂಟಾಗುತ್ತದೆ. ಹಳೆಯ ಗ್ರೀಸಿನ ಕಥೆಯೂ ಹೆಚ್ಚು ಕಡಿಮೆ ಇದೇ. ವರ್ಷಗಟ್ಟಲೆ ಧೂಳು ಕುಡಿದ ಗ್ರೀಸು ಮಧ್ಯಾಹ್ನದ ಬಿಸಿಲಿಗೆ ಹೇಗೋ ಸರಿದಾಡುತ್ತದೆ, ನಸುಕಿನ ಚಳಿಗೆ ಬಿರುಸಾಗುತ್ತದೆ.

ಇನ್ನು ನೀರು. ಮಳೆಗಾಲದಲ್ಲಿ ಕೇಬಲ್ಲಿನೊಳಗೆ ಇಳಿದ ನೀರು ನಮ್ಮ ಕಡೆ ತುಕ್ಕಾಗಿ ಕಾಡಿದರೆ, ನಿಜವಾದ ಹಿಮದ ನಾಡಿನಲ್ಲಿ ಮಂಜುಗಡ್ಡೆಯಾಗಿಯೇ ಕಾಡುತ್ತದೆ. ಪ್ರತಿ ಬೇಸಿಗೆಯಲ್ಲೂ ಬೆಂಗಳೂರಿನಿಂದ ಲಡಾಖಿಗೆ ಬೈಕಿನಲ್ಲಿ ಹೋಗುವ ತರುಣರು ಇದನ್ನು ನೆನಪಿಡಬೇಕು. ಮನಾಲಿ-ಲೇಹ್ ದಾರಿಯಲ್ಲಿ ಹಗಲು ಹಿಮ ಕರಗಿ ರಸ್ತೆಗೆ ಅಡ್ಡ ಹರಿಯುವ ತೊರೆಗಳಲ್ಲಿ ಗಾಡಿ ತೊಯ್ಯುತ್ತದೆ. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದರೆ ಕೇಬಲ್ಲಿನೊಳಗಿನ ನೀರು ಗಟ್ಟಿಯಾಗುತ್ತದೆ.

ಪೆಟ್ರೋಲು ಹುಟ್ಟಿಸುವ ಮಂಜುಗಡ್ಡೆ

ನೀರು ಹೆಪ್ಪುಗಟ್ಟುವಷ್ಟು ಚಳಿ ನಮ್ಮಲ್ಲೆಲ್ಲಿ ಎಂದು ಕೇಳಬಹುದು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಆದರೆ ಕಾರ್ಬುರೇಟರ್ ತನ್ನ ಚಳಿಯನ್ನು ತಾನೇ ಸೃಷ್ಟಿಸಿಕೊಳ್ಳುತ್ತದೆ!

ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುತ್ತದಲ್ಲವೇ? ಆವಿಯಾಗುವ ಸ್ಪಿರಿಟ್ಟು ಚರ್ಮದ ಶಾಖವನ್ನು ಹೀರಿಕೊಳ್ಳುವುದೇ ಅದಕ್ಕೆ ಕಾರಣ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೆಯೇ. ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಸುತ್ತಲಿನ ಗಾಳಿಯ ಶಾಖ ಎಳೆದುಕೊಳ್ಳುತ್ತದೆ. ಪೂರ್ತಿ ಅಲ್ಲೇ ಆವಿಯಾದರೆ ಗಾಳಿ ಸುಮಾರು 20 ಡಿಗ್ರಿಯಷ್ಟು ತಣ್ಣಗಾಗುವ ಲೆಕ್ಕ. ಹೊರಗೆ 10 ಡಿಗ್ರಿ ಚಳಿ, ಗಾಳಿಯ ತುಂಬ ಮಂಜಿನ ತೇವ ಇದ್ದರೆ ಒಳಗೆ ಸ್ಲೈಡಿನ ಅಂಚಿಗೆ ಮಂಜುಗಡ್ಡೆ ಕಟ್ಟಲು ಮತ್ತೇನು ಬೇಕು? ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವಾಗ ಅದು ಬೆಳೆಯುತ್ತದೆ. ಕೆಲವೊಮ್ಮೆ ಎಂಜಿನ್ ಆಫ್ ಆಗುತ್ತದೆ. ಕೆಲವೊಮ್ಮೆ ಸ್ಲೈಡು ಎತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ.

ವಿಮಾನ ಹಾರಿಸುವವರಿಗೆ ಇದು ಹಳೆಯ ವೈರಿ. ಹೊರಗೆ 20 ಡಿಗ್ರಿ ಇದ್ದಾಗಲೂ ಸಣ್ಣ ವಿಮಾನಗಳ ಕಾರ್ಬುರೇಟರಿನಲ್ಲಿ ಮಂಜುಗಡ್ಡೆ ಕಟ್ಟಬಹುದು. ಅದಕ್ಕೆಂದೇ ಸೆಸ್ನಾ 152ರಂಥ ತರಬೇತಿ ವಿಮಾನಗಳಲ್ಲಿ ಕಾರ್ಬುರೇಟರಿಗೆ ಬಿಸಿಗಾಳಿ ಹಾಯಿಸುವ ಗುಂಡಿ ಇರುತ್ತದೆ. ತೇವದ ಚಳಿಯ ದೇಶವಾದ ಬ್ರಿಟನ್ನಿನಲ್ಲಿ ಮಾರಾಟವಾದ ಕೆಲವು ಜಪಾನಿ ಬೈಕುಗಳಿಗೂ ಕಾರ್ಬುರೇಟರ್ ಬಿಸಿ ಮಾಡುವ ಏರ್ಪಾಡು ಇತ್ತು. ನಮ್ಮ ಮಡಿಕೇರಿ, ಚಿಕ್ಕಮಗಳೂರಿನ ಕಡೆ ಇದು ಅಪರೂಪವೇ ಇರಬಹುದು. ಆದರೆ ಮಂಜು ಮುಸುಕಿದ ಬೆಳಗಿನಲ್ಲಿ ಅಸಾಧ್ಯವೇನಲ್ಲ.

2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ಬಹುಪಾಲು ಹೊಸ ದ್ವಿಚಕ್ರ ವಾಹನಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಹಾಗೆಂದು ಹೊಸ ಗಾಡಿಯವರು ನಿಶ್ಚಿಂತರಾಗುವಂತಿಲ್ಲ. ಅವುಗಳಲ್ಲೂ ಬಹುಪಾಲು ಗಾಡಿಗಳಿಗೆ ಅದೇ ಕೇಬಲ್ಲು, ಅದೇ ಸ್ಪ್ರಿಂಗು. ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿಗಳನ್ನು ಇಂದಿಗೂ ಮಗುವಿನಂತೆ ಸಾಕಿಕೊಂಡಿರುವವರಂತೂ ಇನ್ನಷ್ಟು ಎಚ್ಚರವಾಗಿರಬೇಕು.

ಮೂರು ಸೆಕೆಂಡು, 42 ಮೀಟರು

ಕೈ ಬಿಟ್ಟೊಡನೆ ಆಕ್ಸಿಲರೇಟರ್ ತಾನಾಗಿ ಮುಚ್ಚಿಕೊಳ್ಳಬೇಕು ಎಂಬುದು ಅಮೆರಿಕದಲ್ಲಿ 1970ರ ದಶಕದಿಂದ ಮೋಟಾರ್ ಸೈಕಲ್ಲುಗಳಿಗೆ ಕಾನೂನೇ ಆಗಿದೆ. ಅಲ್ಲಿ ಕಾರುಗಳಿಗೆ ಇನ್ನೊಂದು ನಿಯಮವಿದೆ: ಕಾಲು ತೆಗೆದ ಒಂದು ಸೆಕೆಂಡಿನೊಳಗೆ ಆಕ್ಸಿಲರೇಟರ್ ಹಿಂದಕ್ಕೆ ಬರಬೇಕು. ಸೊನ್ನೆಗಿಂತ 18ರಿಂದ 40 ಡಿಗ್ರಿ ಕೆಳಗಿನ ಕೊರೆಯುವ ಚಳಿಗೆ ಮಾತ್ರ ಮೂರು ಸೆಕೆಂಡಿನ ರಿಯಾಯಿತಿ. ಮೂರು ಸೆಕೆಂಡು ಅಲ್ಪವೆನಿಸಬಹುದು. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಬೈಕು ಅಷ್ಟರಲ್ಲಿ ಸುಮಾರು 42 ಮೀಟರ್ ಸಾಗಿರುತ್ತದೆ. ಘಾಟಿಯ ತಿರುವಿನಲ್ಲಿ ಅಷ್ಟು ಜಾಗ ಎಲ್ಲಿರುತ್ತದೆ?

ದೊಡ್ಡ ಬೈಕುಗಳಲ್ಲಿ ಇದಕ್ಕೊಂದು ಉಪಾಯವಿದೆ. ಅವುಗಳಿಗೆ ಎರಡು ಕೇಬಲ್. ಒಂದು ತೆರೆಯಲು, ಇನ್ನೊಂದು ಮುಚ್ಚಲು. ಸ್ಪ್ರಿಂಗು ಸೋತರೂ ಸವಾರ ಹಿಡಿಯನ್ನು ಹಿಂದಕ್ಕೆ ತಿರುಗಿಸಿ ಮುಚ್ಚಬಹುದು. ನಮ್ಮ ರಸ್ತೆಗಳಲ್ಲಿ ಓಡಾಡುವ ಸಣ್ಣ ಗಾಡಿಗಳಲ್ಲಿ ಬಹುಪಾಲಿಗೆ ಒಂದೇ ಕೇಬಲ್.

ಆ ಗಳಿಗೆಯಲ್ಲಿ ಏನು ಮಾಡಬೇಕು?

ಕ್ಲಚ್ ಇರುವ ಗಾಡಿಯಾದರೆ ಮೊದಲು ಕ್ಲಚ್ ಪೂರ್ತಿ ಹಿಡಿಯಿರಿ. ಚಕ್ರಕ್ಕೂ ಎಂಜಿನ್ನಿಗೂ ಇದ್ದ ಸಂಬಂಧ ಅಲ್ಲಿಗೆ ಕಡಿಯಿತು. ಆಗ ಎಂಜಿನ್ ಕಿವಿ ಕಿವುಡಾಗುವಂತೆ ಅರಚುತ್ತದೆ. ಅದನ್ನು ಕೇಳಿ ಹೆದರಿ ಕ್ಲಚ್ ಬಿಟ್ಟರೆ ಗಾಡಿ ಚಂಗನೆ ನೆಗೆದು ಅನಾಹುತವಾಗುತ್ತದೆ. ಅದು ಅರಚಿಕೊಳ್ಳಲಿ ಬಿಡಿ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಮಾಡಬಹುದು. ಕ್ಲಚ್ ಹಿಡಿದೇ ಬಲಗೈ ಹೆಬ್ಬೆರಳಿನಿಂದ ಕೆಂಪು ಕಿಲ್ ಸ್ವಿಚ್ ಒತ್ತಿ, ಎರಡೂ ಬ್ರೇಕ್ ಬಳಸಿ ಪಕ್ಕಕ್ಕೆ ನಿಲ್ಲಿಸಿ.

ಮೊಪೆಡ್ಡು, ಗೇರಿಲ್ಲದ ಸ್ಕೂಟರುಗಳಲ್ಲಿ ಕ್ಲಚ್ ಹಿಡಿ ಇರುವುದಿಲ್ಲ. ಅಲ್ಲಿ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಹಿಡಿದು, ಕೂಡಲೇ ಎಂಜಿನ್ ಆಫ್ ಮಾಡಬೇಕು. ಕಿಲ್ ಸ್ವಿಚ್ ಇಲ್ಲದ ಗಾಡಿಗೆ ಬೀಗದ ಕೈಯೇ ಗತಿ. ಆದರೆ ಅದನ್ನು ಆಫ್‌ವರೆಗೆ ಮಾತ್ರ ತಿರುಗಿಸಿ. ಇನ್ನೂ ಮುಂದಕ್ಕೆ ತಿರುಗಿಸಿದರೆ ಹ್ಯಾಂಡಲ್ ಲಾಕ್ ಆಗುವ ಗಾಡಿಗಳಿವೆ. ಕಿಲ್ ಸ್ವಿಚ್ ಎಲ್ಲಿದೆಯೆಂದು ಅಪಾಯದ ಹೊತ್ತಿನಲ್ಲಿ ಹುಡುಕುವಂತಾಗಬಾರದು. ದಿನವೂ ಮನೆ ಮುಂದೆ ಗಾಡಿ ನಿಲ್ಲಿಸುವಾಗ ಅದನ್ನೇ ಒತ್ತಿ ಆಫ್ ಮಾಡಿ, ಆಮೇಲೆ ಕೀಲಿ ತಿರುಗಿಸಿದರೆ ಬೆರಳಿಗೆ ಅಭ್ಯಾಸವಾಗುತ್ತದೆ.

ಎರಡು ನಿಮಿಷದ ಪರೀಕ್ಷೆ

ಈ ಕಾಯಿಲೆ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ ಬರುತ್ತದೆ. ಹಿಡಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಬರುವುದು, ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ತಾನಾಗಿ ರೈಸ್ ಆಗುವುದು, ತಂತಿಯ ಎಳೆಗಳು ತುದಿಯಲ್ಲಿ ಬಿಚ್ಚಿಕೊಂಡಿರುವುದು ಇವೆಲ್ಲ ಲಕ್ಷಣಗಳು. ಎಳೆ ಬಿಟ್ಟ ಕೇಬಲ್ಲಿಗೆ ಎಣ್ಣೆ ಹಾಕಿ ಪ್ರಯೋಜನವಿಲ್ಲ, ಹೊಸದು ಹಾಕಿಸಬೇಕು. ತುಕ್ಕಿಲ್ಲದೆ ಬರೀ ಒಣಗಿದ್ದರೆ ಅದನ್ನು ಬಿಚ್ಚಿ ನೇತುಹಾಕಿ, ಮೇಲಿನ ತುದಿಗೆ ಪ್ಲಾಸ್ಟಿಕ್ಕಿನ ಪುಟ್ಟ ಆಲಿಕೆ ಕಟ್ಟಿ, ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆಯನ್ನು ರಾತ್ರಿಯಿಡೀ ಇಳಿಯಬಿಡುವುದು ಮೆಕ್ಯಾನಿಕ್‌ಗಳ ಹಳೆಯ ಪದ್ಧತಿ. ಎಣ್ಣೆ ಬೇಡವೆಂದು ಕಂಪನಿಯ ಪುಸ್ತಕ ಹೇಳಿದರೆ ಮಾತ್ರ ಬೇಡ. ಹಿಡಿಯ ರಬ್ಬರು ಸಡಿಲವಾಗಿ ಜರುಗಿ ಉಜ್ಜುತ್ತಿದೆಯೇ, ಚಳಿಗೆಂದು ಸುತ್ತಿಕೊಂಡ ಬಟ್ಟೆಯಾಗಲಿ ದಪ್ಪ ಕೈಗವಸಾಗಲಿ ಹಿಡಿಗೆ ತೊಡರುತ್ತಿದೆಯೇ ಎಂದೂ ನೋಡಿಕೊಳ್ಳಿ.

ಮುಖ್ಯ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಕೈ ಬಿಡಿ. ಹ್ಯಾಂಡಲ್ ನೇರವಿದ್ದಾಗ ಒಮ್ಮೆ, ಎಡಕ್ಕೆ ತಿರುಗಿಸಿ ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ. ಮೂರು ಸಲವೂ ‘ಟಪ್’ ಎಂದು ಹಿಂದಕ್ಕೆ ಬಂದರೆ ಎಂಜಿನ್ ಒಂದೆರಡು ನಿಮಿಷ ಬಿಸಿಯಾಗಲು ಬಿಟ್ಟು ಹೊರಡಿ. ಬಾರದಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಅಂದು ಡೇರಿಗೆ ಹಾಲು ತಡವಾಗಿ ಹೋದರೂ ಚಿಂತೆಯಿಲ್ಲ.