ಆರು ಸ್ಪೀಕರ್ ಕೊಂಡರೂ ಕೇಳುವುದು ಎರಡೇ! ಕಂಪ್ಯೂಟರ್ ಹೋಮ್ ಥಿಯೇಟರಿನ ಒಳಗುಟ್ಟು

ಬೆಂಗಳೂರು: ಎಸ್.ಪಿ. ರಸ್ತೆಯ ಅಂಗಡಿಗಳಲ್ಲಾಗಲಿ, ಅಂತರ್ಜಾಲದ ಮಳಿಗೆಗಳಲ್ಲಾಗಲಿ ನಾಲ್ಕೈದು ಸಾವಿರ ರೂಪಾಯಿ ತೆತ್ತರೆ ‘5.1’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ ಪೆಟ್ಟಿಗೆಯೊಂದು ಮನೆಗೆ ಬರುತ್ತದೆ. ಒಳಗೆ ಐದು ಪುಟ್ಟ ಸ್ಪೀಕರ್‌ಗಳು, ಜತೆಗೊಂದು ದೊಡ್ಡ ವೂಫರ್. ಮನೆಯ ಕಂಪ್ಯೂಟರಿನ ಹಸಿರು ತೂತಿಗೆ ಒಂದು ವೈರ್ ಸಿಕ್ಕಿಸಿ ಸಿನಿಮಾ ಹಾಕಿದರೆ ಆರೂ ಪೆಟ್ಟಿಗೆಗಳಿಂದ ಸದ್ದು ಹೊಮ್ಮುತ್ತದೆ. ಮನೆಮಂದಿಗೆಲ್ಲ ಸಂತೋಷ. ಆದರೆ ತೆರೆಯ ಮೇಲೆ ಹೆಲಿಕಾಪ್ಟರ್ ಹಿಂದಿನಿಂದ ಮುಂದಕ್ಕೆ ಹಾರಿಬಂದರೂ ಅದರ ಸದ್ದು ಮಾತ್ರ ಎಲ್ಲ ದಿಕ್ಕಿನಿಂದಲೂ ಒಂದೇ ತೆರನಾಗಿ ಕೇಳುತ್ತಿರುತ್ತದೆ. ಆರು ಚಾನೆಲ್‌ಗಳಿಗೆ ಹಣ ಕೊಟ್ಟವರು ಎರಡನ್ನು ಮಾತ್ರ ಕೇಳುತ್ತಿದ್ದಾರೆ. ಹಲವರಿಗೆ ವರ್ಷ ಕಳೆದರೂ ಇದು ಗೊತ್ತಾಗುವುದೇ ಇಲ್ಲ.

ಇದಕ್ಕೆ ಸ್ಪೀಕರ್ ಕೆಟ್ಟಿರಬೇಕಾಗಿಲ್ಲ, ಅಂಗಡಿಯವರು ಮೋಸ ಮಾಡಿರಬೇಕಾಗಿಯೂ ಇಲ್ಲ. ಸಿನಿಮಾದ ಕಡತದಿಂದ ಕೇಳುಗನ ಕಿವಿಯ ತನಕ ಸದ್ದು ನಾಲ್ಕು ಬಾಗಿಲು ದಾಟಬೇಕು: ಕಡತ, ಅದನ್ನು ನುಡಿಸುವ ತಂತ್ರಾಂಶ, ಕೇಬಲ್ ಮತ್ತು ಸ್ಪೀಕರ್ ಸೆಟ್. ಇವುಗಳಲ್ಲಿ ಒಂದು ಬಾಗಿಲು ಕಿರಿದಾದರೂ ಸಾಕು, ಆರು ಚಾನೆಲ್‌ಗಳು ಅಲ್ಲಿಯೇ ಎರಡಾಗುತ್ತವೆ. ಮುಂದಿನ ಬಾಗಿಲು ಎಷ್ಟೇ ಅಗಲವಿದ್ದರೂ ಕಳೆದುಹೋದದ್ದು ಮರಳಿ ಬರುವುದಿಲ್ಲ.

ಏನಿದು 5.1?

ಈ ಸಂಖ್ಯೆಯಲ್ಲಿ ದಶಮಾಂಶದ ಲೆಕ್ಕವೇನೂ ಇಲ್ಲ. ಮುಂದೆ ಎಡ, ಬಲ ಮತ್ತು ನಡು ಎಂದು ಮೂರು ಚಾನೆಲ್, ಹಿಂಬದಿಯ ಎಡಬಲಗಳಿಗೆ ಎರಡು, ಒಟ್ಟು ಐದು. ಗುಡುಗು, ಸ್ಫೋಟದಂತಹ ತಗ್ಗು ದನಿಗಳಿಗೆ ಮೀಸಲಾಗಿ, ಸುಮಾರು 120 ಹರ್ಟ್ಸ್‌ವರೆಗಿನ ಕಂಪನಗಳನ್ನಷ್ಟೇ ಹೊರುವ ಕಿರು ಚಾನೆಲ್ಲೇ ಆ ‘.1’. ಚಿತ್ರಮಂದಿರಗಳಲ್ಲಿ ಡಾಲ್ಬಿ ಡಿಜಿಟಲ್ ವ್ಯವಸ್ಥೆ 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಂದಿಗೂ, ಡಿಟಿಎಸ್ 1993ರಲ್ಲಿ ‘ಜುರಾಸಿಕ್ ಪಾರ್ಕ್’ ಚಿತ್ರದೊಂದಿಗೂ ಬಂದವು. ಡಿವಿಡಿ ಅವೆರಡನ್ನೂ ಮನೆಯೊಳಕ್ಕೆ ತಂದಿತು. ಅದಕ್ಕೂ ಮುಂಚೆ ನಮ್ಮಲ್ಲಿ ಮನೆಮಾತಾಗಿದ್ದ ವಿಸಿಡಿಯಲ್ಲಿ ಇದ್ದದ್ದು ಎರಡೇ ಚಾನೆಲ್. ಹಳೆಯ ವಿಸಿಡಿಯಿಂದ ನಕಲು ಮಾಡಿಟ್ಟುಕೊಂಡ ಸಿನಿಮಾವನ್ನು ಎಂತಹ ಸ್ಪೀಕರ್‌ನಲ್ಲಿ ಹಾಕಿದರೂ ಹಿಂಬದಿಯ ಸದ್ದು ಹುಟ್ಟದು.

ಆದುದರಿಂದ ಮೊದಲ ತಪಾಸಣೆ ಕಡತದ್ದು. ವಿಎಲ್‌ಸಿ ಪ್ಲೇಯರ್‌ನಲ್ಲಿ ಸಿನಿಮಾ ಓಡುತ್ತಿರುವಾಗ ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೋಡೆಕ್ ಮಾಹಿತಿ ತೆರೆದುಕೊಳ್ಳುತ್ತದೆ. ಅಲ್ಲಿ ಚಾನೆಲ್ ಎಂಬುದರ ಎದುರು ‘ಸ್ಟೀರಿಯೋ’ ಎಂದಿದ್ದರೆ ಎರಡು. ‘3ಎಫ್2ಆರ್/ಎಲ್‌ಎಫ್‌ಇ’ ಎಂದಿದ್ದರೆ ಮುಂದೆ ಮೂರು, ಹಿಂದೆ ಎರಡು, ಜತೆಗೆ ವೂಫರ್‌ನದೊಂದು, ಅಂದರೆ ಅಸಲಿ 5.1. ರಾಜ್‌ಕುಮಾರ್ ಅವರ ಕಪ್ಪುಬಿಳುಪಿನ ಕಾಲದ ಚಿತ್ರಗಳ ಧ್ವನಿಪಥ ಏಕ ಚಾನೆಲ್‌ನದು. ಅವನ್ನು ಇದ್ದಂತೆಯೇ ಮುಂದಿನ ಸ್ಪೀಕರ್‌ಗಳಲ್ಲಿ ಕೇಳುವುದೇ ಚೆನ್ನ. ಬಲವಂತವಾಗಿ ಆರಕ್ಕೆ ಹಂಚಿದರೆ ಹಾಡು ಬಾವಿಯೊಳಗಿಂದ ಬಂದಂತಿರುತ್ತದೆ.

ಒಟಿಟಿ ತಾಣಗಳ ಸಂಗತಿ ಬೇರೆ. ಅದೇ ಚಿತ್ರ ಟಿವಿಯಲ್ಲಿನ ಆ್ಯಪ್‌ನಲ್ಲಿ 5.1 ಆಗಿ ಬಂದರೂ ಕಂಪ್ಯೂಟರಿನ ಬ್ರೌಸರ್‌ನಲ್ಲಿ ಎರಡೇ ಚಾನೆಲ್ ಆಗಿ ಬರುವುದುಂಟು. ಚಿತ್ರದ ಸ್ಪಷ್ಟತೆಯೂ ಬ್ರೌಸರ್ ಮತ್ತು ಕಂಪ್ಯೂಟರ್ ಯಾವುದು ಎಂಬುದನ್ನು ಅವಲಂಬಿಸಿ ತಗ್ಗಬಹುದು. ಸಿನಿಮಾ ನೋಡುವುದು ಬಹುಪಾಲು ಒಟಿಟಿಯಲ್ಲೇ ಎನ್ನುವವರು ತಾವು ಚಂದಾ ಕಟ್ಟಿದ ತಾಣದ ಸಹಾಯ ಪುಟವನ್ನು ಮೊದಲು ಓದಿಕೊಂಡು ಬಳಿಕ ಸ್ಪೀಕರ್ ಅಂಗಡಿಗೆ ಹೋಗುವುದು ಒಳಿತು.

ಹಳೆಯ ಕಂಪ್ಯೂಟರ್ ಸಾಕೇ?

ಬಹುಮಟ್ಟಿಗೆ ಸಾಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ವಿಂಡೋಸ್ 11 ಒಪ್ಪದ ಎಷ್ಟೋ ಕಂಪ್ಯೂಟರ್‌ಗಳು ಮೂಲೆ ಸೇರಿವೆ. ಅಂತಹವನ್ನು ಸಿನಿಮಾಕ್ಕೆಂದೇ ಮೀಸಲಿಡಬಹುದು. 2002ರಲ್ಲಿ ಎಕ್ಸ್‌ಬಾಕ್ಸ್ ಆಟಯಂತ್ರಕ್ಕೆಂದು ಹುಟ್ಟಿ, 2014ರಲ್ಲಿ ‘ಕೋಡಿ’ ಎಂದು ಹೆಸರು ಬದಲಿಸಿಕೊಂಡ ಉಚಿತ ತಂತ್ರಾಂಶವು ಲಿನಕ್ಸ್ ಮೇಲೂ ಚೆನ್ನಾಗಿ ಓಡುತ್ತದೆ. ಗೋಡೆಯಷ್ಟು ದೂರದಿಂದ ಓದಬಹುದಾದ ದೊಡ್ಡ ಅಕ್ಷರದ ಪಟ್ಟಿ, ರಿಮೋಟ್‌ನಿಂದ ನಡೆಸುವ ಸೌಕರ್ಯ ಅದರಲ್ಲಿವೆ.

ಫುಲ್ ಎಚ್‌ಡಿ ಚಿತ್ರಗಳಿಗೆ ಹತ್ತು ವರ್ಷ ಹಳೆಯ ಯಂತ್ರವೂ ತಡವರಿಸುವುದಿಲ್ಲ. ತೊಡಕಾಗುವುದು 4ಕೆ ಚಿತ್ರಗಳಲ್ಲಿ. ಅವುಗಳಲ್ಲಿ ಹೆಚ್ಚಿನವು ಬಳಸುವ 10 ಬಿಟ್‌ನ ಎಚ್‌ಇವಿಸಿ ಸಂಕೋಚನವನ್ನು ಯಂತ್ರಾಂಶದಲ್ಲೇ ಬಿಡಿಸುವ ಶಕ್ತಿ ಇಂಟೆಲ್‌ನ ಏಳನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ಈಚಿನವಕ್ಕಿದೆ. ಅದಕ್ಕೂ ಹಿಂದಿನವು ಏದುಸಿರು ಬಿಡುತ್ತವೆ, ಫ್ಯಾನ್‌ಗಳು ಬೊಬ್ಬಿರಿಯುತ್ತವೆ.

ಕೇಬಲ್ಲಿನಲ್ಲಿದೆ ಕೀಲಕ

ಹೆಚ್ಚಿನವರು ಎಡವುವ ಜಾಗ ಇದೇ. ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂಬದಿಯಲ್ಲಿ ಬಣ್ಣಬಣ್ಣದ ತೂತುಗಳಿರುತ್ತವೆ. ಒಂದೊಂದು ತೂತು ಹೊರಹಾಕುವುದು ಎರಡೆರಡು ಚಾನೆಲ್‌ಗಳನ್ನು ಮಾತ್ರ. ಹಸಿರಿನಿಂದ ಮುಂದಿನ ಎಡಬಲ, ಕಪ್ಪಿನಿಂದ ಹಿಂದಿನ ಎಡಬಲ, ಕಿತ್ತಳೆಯಿಂದ ನಡು ಮತ್ತು ವೂಫರ್. ಆರು ಚಾನೆಲ್ ಬೇಕಾದರೆ ಮೂರು ವೈರ್ ಬೇಕೇ ಬೇಕು. ಹಸಿರಿಗೆ ಒಂದೇ ವೈರ್ ಸಿಕ್ಕಿಸಿದವರಿಗೆ ದಕ್ಕುವುದು ಎರಡೇ. ಕೆಲವು ಅಗ್ಗದ ಮದರ್‌ಬೋರ್ಡ್‌ಗಳಲ್ಲಿ ಮೂರೇ ತೂತುಗಳಿದ್ದು, ಕಪ್ಪು, ಕಿತ್ತಳೆ ಕಾಣಿಸುವುದೇ ಇಲ್ಲ. ಗಾಬರಿಯಾಗಬೇಕಾಗಿಲ್ಲ. ಧ್ವನಿ ತಂತ್ರಾಂಶದಲ್ಲಿ 5.1 ಆಯ್ದಾಗ ಸಾಮಾನ್ಯವಾಗಿ ನೀಲಿ ತೂತು ಹಿಂದಿನ ಸ್ಪೀಕರ್‌ಗಳದ್ದಾಗಿಯೂ, ಮೈಕ್‌ನ ಗುಲಾಬಿ ತೂತು ನಡು ಮತ್ತು ವೂಫರ್‌ನದಾಗಿಯೂ ಮಾರ್ಪಡುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ಇರುವುದು ಒಂದೇ ಹೆಡ್‌ಫೋನ್ ತೂತು. ಅದಕ್ಕೆ ಯುಎಸ್‌ಬಿ ಸೌಂಡ್ ಕಾರ್ಡ್ ಪರಿಹಾರ. ಇಲ್ಲಿಯೂ ಒಂದು ಬಲೆಯಿದೆ. ಬೆರಳುದ್ದದ ತುಣುಕಿನ ಮೇಲೆ ‘7.1’ ಎಂದು ಬರೆದಿರುತ್ತಾರೆ, ತಿರುಗಿಸಿ ನೋಡಿದರೆ ಹೆಡ್‌ಫೋನ್‌ಗೊಂದು, ಮೈಕ್‌ಗೊಂದು ತೂತು ಬಿಟ್ಟರೆ ಇನ್ನೇನಿಲ್ಲ. ಹೆಡ್‌ಫೋನಿನಲ್ಲಿ ಸುತ್ತಲಿನ ಸದ್ದಿನ ಭ್ರಮೆ ಹುಟ್ಟಿಸುವ ಲೆಕ್ಕಾಚಾರವದು. ಆರು ಸ್ಪೀಕರ್‌ಗಳಿಗೆ ಪ್ರತ್ಯೇಕ ಸಂಕೇತ ಕಳುಹಿಸಲು ಅದಕ್ಕೆ ದಾರಿಯೇ ಇಲ್ಲ. ಬ್ಲೂಟೂತ್ ಕತೆಯೂ ಅಷ್ಟೆ. ಸಂಗೀತಕ್ಕಾಗಿ ಬಳಕೆಯಲ್ಲಿರುವ ಸಾಮಾನ್ಯ ಬ್ಲೂಟೂತ್ ಸಂಪರ್ಕ ಸ್ಟೀರಿಯೋ ಮಾತ್ರ ಸಾಗಿಸುತ್ತದೆ. 5.1 ಸೆಟ್‌ಗೆ ಬ್ಲೂಟೂತ್‌ನಿಂದ ಸಿನಿಮಾ ಕೇಳಿಸುವುದೆಂದರೆ ಆರು ಪಥದ ಹೆದ್ದಾರಿಯಲ್ಲಿ ನಾಲ್ಕನ್ನು ಮುಚ್ಚಿ ವಾಹನ ಬಿಟ್ಟಂತೆ.

ಆಂಪ್ಲಿಫೈಯರ್ ಇರುವ ರಿಸೀವರ್ ಕೊಳ್ಳುವಷ್ಟು ಅನುಕೂಲವಿದ್ದವರಿಗೆ, ಅಥವಾ ಸೆಕೆಂಡ್ ಹ್ಯಾಂಡ್ ರಿಸೀವರ್ ಸಿಕ್ಕವರಿಗೆ, ಎಚ್‌ಡಿಎಂಐ ಅತ್ಯಂತ ಸರಳ ದಾರಿ. ಒಂದೇ ತಂತಿಯಲ್ಲಿ ಚಿತ್ರದ ಜತೆಗೆ ಎಂಟು ಚಾನೆಲ್‌ವರೆಗೆ ಸಂಕೋಚನವಿಲ್ಲದ ಧ್ವನಿ ಸಾಗುತ್ತದೆ. ಕಂಪ್ಯೂಟರಿನಿಂದ ರಿಸೀವರ್‌ಗೆ, ಅಲ್ಲಿಂದ ಟಿವಿಗೆ ಎಂಬ ಕ್ರಮದಲ್ಲಿ ಜೋಡಿಸಬೇಕು. ಕ್ರಮ ತಿರುಗಿಸಿ, ಕಂಪ್ಯೂಟರನ್ನು ನೇರ ಟಿವಿಗೆ ಕೊಟ್ಟು ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದರೆ ಹಲವು ಟಿವಿಗಳು ನಡುವೆಯೇ ಧ್ವನಿಯನ್ನು ಎರಡು ಚಾನೆಲ್‌ಗೆ ಇಳಿಸಿಬಿಡುತ್ತವೆ.

ಆಪ್ಟಿಕಲ್ ಕೇಬಲ್ಲಿನ ಬಗ್ಗೆ ಇನ್ನೊಂದು ಮಾತು. ಬೆಳಕಿನಲ್ಲಿ ಧ್ವನಿ ಸಾಗುತ್ತದೆಂದ ಮಾತ್ರಕ್ಕೆ ಅದರ ಸಾಮರ್ಥ್ಯ ಅಪಾರವೇನಲ್ಲ. ಸಂಕೋಚನವಿಲ್ಲದಿದ್ದರೆ ಎರಡು ಚಾನೆಲ್, ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ರೂಪದಲ್ಲಿ ಸಂಕುಚಿತವಾಗಿದ್ದರೆ 5.1 ಅದರಲ್ಲಿ ಹೋಗುತ್ತದೆ. ಹಾಗಾಗಿ ಕೋಡಿ ಅಥವಾ ವಿಎಲ್‌ಸಿಯಲ್ಲಿ ‘ಪಾಸ್‌ಥ್ರೂ’ ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು. ಆಗ ಕಂಪ್ಯೂಟರ್ ಧ್ವನಿಯ ಕಟ್ಟನ್ನು ಬಿಚ್ಚದೆ ಹಾಗೆಯೇ ದಾಟಿಸುತ್ತದೆ, ಬಿಚ್ಚುವ ಕೆಲಸ ರಿಸೀವರ್‌ನದು. ಮೂರು ವೈರ್‌ಗಳ ಸಾದಾ ಸೆಟ್ ಇರುವವರು ಇದೇ ಆಯ್ಕೆಯನ್ನು ಆಫ್ ಮಾಡಿಡಬೇಕು.

ವೂಫರ್‌ನ ಬೆನ್ನು ನೋಡಿ

ಅಂಗಡಿಯಲ್ಲಿ ಸೆಟ್ಟಿನ ಮುಂಭಾಗದ ದೀಪಾಲಂಕಾರಕ್ಕೆ ಮರುಳಾಗುವ ಬದಲು ವೂಫರನ್ನು ತಿರುಗಿಸಿ ಅದರ ಬೆನ್ನು ನೋಡಬೇಕು. ಅಲ್ಲಿ ಸಂಕೇತ ಒಳಬರುವ ಆರು ತೂತುಗಳು, ಇಲ್ಲವೇ ಮೂರು ಸ್ಟೀರಿಯೋ ತೂತುಗಳು ಇರಬೇಕು. ಕೆಂಪು ಬಿಳಿಯ ಒಂದೇ ಜೋಡಿ ಇದ್ದರೆ ಆ ಸೆಟ್ಟಿನಲ್ಲಿ ಸ್ಪೀಕರ್ ಆರಿದ್ದರೂ ಅದು ಸ್ಟೀರಿಯೋ. ಆರು ತೂತು ಇದ್ದ ಸೆಟ್‌ಗೂ ಬೇಕಾದ ಮೂರು ವೈರ್‌ಗಳನ್ನು ಪೆಟ್ಟಿಗೆಯಲ್ಲಿ ಕೊಟ್ಟಿರದಿರುವುದು ಉಂಟು. ಅಲ್ಲಿಯೇ ಕೇಳಿ ಕೊಳ್ಳುವುದು ಲೇಸು. ಮನೆಗೆ ಬಂದ ಮೇಲೆ ರಿಮೋಟ್‌ನಲ್ಲಿ ‘ಆಕ್ಸ್’ ಬಿಟ್ಟು ‘5.1’ ಒಳಹರಿವನ್ನು ಆಯ್ದುಕೊಳ್ಳುವುದನ್ನೂ ಮರೆಯಬಾರದು.

ಪೆಟ್ಟಿಗೆಯ ಮೇಲಿನ ಸಾವಿರಾರು ವಾಟ್‌ಗಳ ಮಾತನ್ನು ನಂಬಬೇಕಾಗಿಲ್ಲ. ಪಿಎಂಪಿಒ ಎಂಬ ಅಳತೆಗೆ ಸರ್ವಸಮ್ಮತ ಮಾನದಂಡವೇ ಇಲ್ಲ. ಆರ್‌ಎಂಎಸ್ ವಾಟ್ ಎಷ್ಟೆಂದು ಕೇಳಬೇಕು. ಹತ್ತು ಹನ್ನೆರಡು ಅಡಿಯ ಕೋಣೆಗೆ ಒಟ್ಟು ಅರವತ್ತು, ಎಪ್ಪತ್ತು ಆರ್‌ಎಂಎಸ್ ವಾಟ್ ಧಾರಾಳ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸೌಂಡ್ ತೆರೆದು, ಸ್ಪೀಕರ್ ಆಯ್ದು, ‘ಕಾನ್ಫಿಗರ್’ ಒತ್ತಿದರೆ 5.1 ಆರಿಸುವ ಅವಕಾಶವೂ, ಒಂದೊಂದೇ ಸ್ಪೀಕರ್ ನುಡಿಸುವ ‘ಟೆಸ್ಟ್’ ಗುಂಡಿಯೂ ಸಿಗುತ್ತವೆ. ಪರದೆಯ ಮೇಲೆ ಯಾವ ಸ್ಪೀಕರ್ ಮಿನುಗುತ್ತದೋ ಕೋಣೆಯಲ್ಲಿಯೂ ಅದೊಂದೇ ನುಡಿಯಬೇಕು. ಎರಡು ಒಟ್ಟಿಗೆ ನುಡಿದರೆ ಎಲ್ಲೋ ಒಂದು ಬಾಗಿಲು ಕಿರಿದಾಗಿದೆ ಎಂದರ್ಥ. ನಾಯಕನ ಮಾತು ವೂಫರ್‌ನಿಂದ ಗುಂಯ್ ಎಂದು ಬಂದರೆ ನಡು ಮತ್ತು ವೂಫರ್ ಅದಲುಬದಲಾಗಿವೆ. ಧ್ವನಿ ತಂತ್ರಾಂಶದಲ್ಲಿ ಅದನ್ನು ತಿರುಗಿಸುವ ಆಯ್ಕೆ ಇಲ್ಲದಿದ್ದರೆ ಆ ಎರಡು ಪಿನ್‌ಗಳನ್ನೇ ಬದಲಾಯಿಸಿದರಾಯಿತು.

ಕೋಣೆಯೂ ಒಂದು ಯಂತ್ರ

ನಮ್ಮ ಮನೆಗಳ ಆರ್‌ಸಿಸಿ ಚಾವಣಿ, ಬರಿಯ ಗೋಡೆ, ನುಣುಪಾದ ಟೈಲ್ಸ್ ನೆಲ ಇವೆಲ್ಲ ಸದ್ದನ್ನು ಹೀರುವುದಿಲ್ಲ, ಚೆಂಡಿನಂತೆ ಪುಟಿಸುತ್ತವೆ. ಮಾತು ಕಲಸಿಹೋಗಿ ‘ಏನೆಂದ?’ ಎಂದು ಪಕ್ಕದವರನ್ನು ಕೇಳುವಂತಾಗುತ್ತದೆ. ಹೆಚ್ಚು ಬೆಲೆಯ ಸ್ಪೀಕರ್ ತರುವ ಮುನ್ನ ನೆಲಕ್ಕೊಂದು ಜಮಖಾನೆ, ಕಿಟಕಿಗೆ ದಪ್ಪ ಪರದೆ, ಎದುರು ಗೋಡೆಗೆ ತುಂಬಿದ ಪುಸ್ತಕದ ಕಪಾಟು ಇರಿಸಿ ನೋಡಬೇಕು. ಇಷ್ಟರಿಂದಲೇ ಆಗುವ ಬದಲಾವಣೆ ಬೆರಗು ಹುಟ್ಟಿಸುತ್ತದೆ.

ಸ್ಪೀಕರ್‌ಗಳ ಸ್ಥಾನಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸೊಂದಿದೆ. ಕುಳಿತವನ ನೇರ ಮುಂದಿನ ರೇಖೆಯಿಂದ ಎಡಕ್ಕೂ ಬಲಕ್ಕೂ 30 ಡಿಗ್ರಿಯಲ್ಲಿ ಮುಂದಿನ ಎರಡು, 100ರಿಂದ 120 ಡಿಗ್ರಿಯಲ್ಲಿ ಹಿಂಬದಿಯ ಎರಡು. ಅಂದರೆ ಈ ಎರಡು ಕಿವಿಯ ಸರಿಪಕ್ಕಕ್ಕಿಂತ ತುಸು ಹಿಂದೆ ಇರಬೇಕೇ ಹೊರತು ಬೆನ್ನ ಹಿಂದಿನ ಮೂಲೆಯಲ್ಲಲ್ಲ. ಸೋಫಾ ಗೋಡೆಗೆ ಅಂಟಿರುವ ಮನೆಗಳಲ್ಲಿ ಅವನ್ನು ಪಕ್ಕದ ಗೋಡೆಯಲ್ಲಿ, ಕಿವಿಗಿಂತ ಕೊಂಚ ಎತ್ತರಕ್ಕೆ ಕೂರಿಸಬಹುದು. ನಡುವಿನ ಸ್ಪೀಕರ್ ಟಿವಿಯ ಕೆಳಗೆ ಕೇಳುಗರತ್ತ ಮುಖಮಾಡಿರಲಿ, ಮಾತೆಲ್ಲ ಬಹುತೇಕ ಬರುವುದು ಅದರಿಂದಲೇ. ವೈರ್ ಸಿಕ್ಕಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ತಿರುಗುಮುರುಗಾದರೂ ಎಡಬಲದ ಅಲೆಗಳು ಒಂದನ್ನೊಂದು ತಿಂದುಹಾಕಿ ಸದ್ದಿನ ತೂಕವೇ ಇಳಿದುಹೋಗುತ್ತದೆ.

ವೂಫರ್‌ಗೆ ಜಾಗ ಹುಡುಕಲು ಹಳೆಯ ಉಪಾಯವೊಂದಿದೆ. ಅದನ್ನು ತಾತ್ಕಾಲಿಕವಾಗಿ ಕುಳಿತುಕೊಳ್ಳುವ ಸೋಫಾದ ಮೇಲೆಯೇ ಇಟ್ಟು ಗುಡುಗಿನ ಸದ್ದು ನುಡಿಸಿ, ಕೋಣೆಯ ಅಂಚಿನುದ್ದಕ್ಕೂ ಬಗ್ಗಿ ನಡೆಯಬೇಕು. ಸದ್ದು ಎಲ್ಲಿ ಹಿತವಾಗಿ, ಬಿಗಿಯಾಗಿ ಕೇಳುತ್ತದೋ ವೂಫರ್‌ನ ಸ್ಥಾನ ಅಲ್ಲಿ.

ಟಿವಿಯ ಗಾತ್ರದ ವಿಷಯದಲ್ಲಿ ಆಸೆಗಿಂತ ಕೋಣೆಯ ಮಾತು ಕೇಳುವುದು ಸೂಕ್ತ. 43 ಇಂಚಿನ ಟಿವಿಗೆ ಐದೂವರೆಯಿಂದ ಆರು ಅಡಿ ದೂರ ಸರಿಯಾಗುತ್ತದೆ. 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿದ್ದ ಶೇ. 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ. ಹಾಗೆ ಉಳಿದ ಹಣ ಇನ್ನೂ ದೊಡ್ಡ ಪರದೆಗೆ ಹೋಗುವ ಬದಲು ಸ್ಪೀಕರ್ ಬಾಬತ್ತಿಗೆ ಸೇರಿದರೆ ಸಿನಿಮಾ ಹೆಚ್ಚು ಸಿನಿಮಾದಂತಿರುತ್ತದೆ.

ಸ್ಪೀಕರ್‌ಗಳಲ್ಲಿ ಸದಾ ಗುಂಯ್‌ಗುಡುವ ಸದ್ದು ಬರುತ್ತಿದ್ದರೆ ಕೇಬಲ್ ಟಿವಿಯ ತಂತಿಯನ್ನೊಮ್ಮೆ ಕಳಚಿ ನೋಡಬೇಕು. ಸದ್ದು ನಿಂತರೆ ದೋಷ ಅರ್ಥಿಂಗ್‌ನದು. ಕಂಪ್ಯೂಟರ್, ಟಿವಿ, ವೂಫರ್ ಮೂರನ್ನೂ ಒಂದೇ ಸ್ಪೈಕ್ ಬಸ್ಟರ್‌ನಿಂದ ನಡೆಸಿದರೆ ಬಹುಪಾಲು ತಗ್ಗುತ್ತದೆ. ಸದ್ದು ನಿಲ್ಲಲೆಂದು ಪ್ಲಗ್‌ನ ಅರ್ಥ್ ಪಿನ್ನನ್ನೇ ಕಿತ್ತೆಸೆಯುವವರಿದ್ದಾರೆ. ಪ್ರಾಣಕ್ಕೆ ಕುತ್ತು ತರುವ ಕೆಲಸವದು. ತುಟಿಯ ಚಲನೆಗೂ ಮಾತಿಗೂ ಹೊಂದಿಕೆಯಾಗದಿದ್ದರೆ ವಿಎಲ್‌ಸಿಯಲ್ಲಿ ಜೆ ಮತ್ತು ಕೆ ಕೀಲಿಗಳು ಧ್ವನಿಯನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತವೆ, ಒಂದು ಒತ್ತಿಗೆ 50 ಮಿಲಿಸೆಕೆಂಡ್.

ಅಪಾರ್ಟ್‌ಮೆಂಟ್ ವಾಸಿಗಳಿಗೆ ಉಳಿಯುವ ಚಿಂತೆ ಕೆಳಮನೆಯವರದು. ತಗ್ಗು ದನಿ ಗೋಡೆ ನೆಲಗಳನ್ನು ಸಲೀಸಾಗಿ ದಾಟುತ್ತದೆ. ವೂಫರ್ ಅಡಿಗೆ ದಪ್ಪ ರಬ್ಬರ್ ಅಥವಾ ಫೋಮ್ ಹಾಸಿದರೆ ನೆಲಕ್ಕೆ ಇಳಿಯುವ ಕಂಪನ ಕೊಂಚ ಕಡಿಮೆಯಾಗುತ್ತದೆ. ರಾತ್ರಿ ಹತ್ತರ ಮೇಲೆ ವೂಫರ್ ತಗ್ಗಿಸಿ, ವಿಎಲ್‌ಸಿಯ ಧ್ವನಿ ಪರಿಣಾಮಗಳಲ್ಲಿರುವ ‘ಕಂಪ್ರೆಸರ್’ ಚಾಲೂ ಮಾಡಿಕೊಂಡರೆ ಸ್ಫೋಟದ ಅಬ್ಬರ ಇಳಿದು ಪಿಸುಮಾತು ಮೇಲೇಳುತ್ತದೆ. ರಿಮೋಟ್ ಹಿಡಿದು ಪ್ರತಿ ದೃಶ್ಯಕ್ಕೂ ಸದ್ದು ಏರಿಳಿಸುವ ಕೆಲಸ ತಪ್ಪುತ್ತದೆ.