ಒಂದು ಹಗಲಿನ ದೂರಯಾತ್ರೆ: ನಂಬಿಕೆ ಮತ್ತು ನಿಜ

ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಕೊಬ್ಬರಿಯಾಗಿ, ಸುಲಿದು ಒಡೆದು ತಿಪಟೂರಿನ ಮಾರುಕಟ್ಟೆಗೆ ಸಾಗಿ, ನಾಲ್ಕು ಕಾಸು ಕೈಸೇರಿತೆಂದರೆ, ಶೆಟ್ಟಿಕೆರೆಯ ಸುತ್ತಣ ಊರುಗಳಲ್ಲಿ ನೆಂಟರಿಷ್ಟರು, ಭಜನೆಯ ಮಂಡಳಿಯವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಒಟ್ಟುಗೂಡಿ ಒಂದು ಬಸ್ಸನ್ನು ಗೊತ್ತುಮಾಡಿಕೊಂಡು ದೇಶ ನೋಡಲು ಹೊರಡುವುದುಂಟು. ಕೋಳಿ ಕೂಗುವ ಮುನ್ನ ಹೊರಟು, ಕೆ.ಬಿ. ಕ್ರಾಸ್, ತುರುವೇಕೆರೆ, ಮಾಯಸಂದ್ರ, ನಾಗಮಂಗಲಗಳ ಮಾರ್ಗವಾಗಿ ಕಾವೇರಿಯ ಸೀಮೆಯನ್ನು ಹೊಕ್ಕು, ಸೋಮನಾಥಪುರದ ಗುಡಿಯನ್ನೂ ತಲಕಾಡಿನ ಮರಳನ್ನೂ ಶಿವನಸಮುದ್ರದ ಜಲಪಾತಗಳನ್ನೂ ನೋಡಿ, ಗಡಿಯ ಹೊಗೇನಕಲ್ಲಿನಲ್ಲಿ ಹರಿಗೋಲು ಹತ್ತಿ, ಅದೇ ರಾತ್ರಿ ಮನೆ ಸೇರಬೇಕೆಂಬುದು ಇಂತಹ ಯಾತ್ರೆಯ ಸಾಮಾನ್ಯ ಸಂಕಲ್ಪ. ಈ ಉತ್ಸಾಹ ನನಗೆ ಅತ್ಯಂತ ಪ್ರಿಯವಾದುದು. ಹೊಲ ತೋಟಗಳನ್ನು ಬಿಟ್ಟು ಕದಲದ ಜನ ತಮ್ಮ ನಾಡಿನ ಚರಿತ್ರೆಯನ್ನು ಕಣ್ಣಾರೆ ಕಾಣಲು ಹೊರಡುವುದಕ್ಕಿಂತ ಒಳ್ಳೆಯ ವ್ಯಯ ಕೊಬ್ಬರಿಯ ಹಣಕ್ಕೆ ವಿರಳ. ಆದರೆ ಆ ಬಸ್ಸಿನಲ್ಲಿ ಬುತ್ತಿಯ ಗಂಟುಗಳ ಜೊತೆಗೆ ಕೆಲವು ತಪ್ಪು ನಂಬಿಕೆಗಳೂ ಪಯಣಿಸುತ್ತವೆ. ಅವುಗಳಲ್ಲಿ ಕೆಲವು ಸಲ್ಲಬೇಕಾದವರಿಗೆ ಸಲ್ಲುವ ಗೌರವವನ್ನು ತಪ್ಪಿಸುವಂಥವು. ಇನ್ನು ಕೆಲವು ಪ್ರಾಣಕ್ಕೇ ಸಂಚಕಾರ ತರಬಲ್ಲವು.

ಸೋಮನಾಥಪುರದ ಕೇಶವ ದೇಗುಲದ ಅಂಗಳದಲ್ಲಿ ನಿಂತೊಡನೆ ನಮ್ಮ ಕಡೆಯವರ ಬಾಯಲ್ಲಿ ಬರುವ ಹೆಸರು ದಂತಕಥೆಯ ಶಿಲ್ಪಿ ಜಕಣಾಚಾರಿಯದು. ತುಮಕೂರಿನ ಬಳಿಯ ಕೈದಾಳ ಆ ಕಥೆಯ ನೆಲೆಯಾದುದರಿಂದ, ಬೇಲೂರು, ಹಳೇಬೀಡು, ಸೋಮನಾಥಪುರಗಳೆಲ್ಲವೂ ನಮ್ಮ ಜಿಲ್ಲೆಯ ಒಬ್ಬನೇ ಶಿಲ್ಪಿಯ ಕೈಕೆಲಸವೆಂಬ ಅಭಿಮಾನ ಇಲ್ಲಿ ಸಹಜವಾಗಿಯೇ ಬೇರೂರಿದೆ. ಕಾಲಗಣನೆಯನ್ನು ಒಮ್ಮೆ ಎದುರಿಗಿಟ್ಟುಕೊಂಡರೆ ಈ ಮಾತು ನಿಲ್ಲಲಾರದು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ. ಕೈದಾಳದ ಗುಡಿ ಬಾಚಿಯೆಂಬ ಸಾಮಂತನಿಂದ 1150ರ ಸುಮಾರಿಗೆ. ಸೋಮನಾಥಪುರದ ದೇಗುಲ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನಿಂದ 1258ರಲ್ಲಿ. ಒಂದೂವರೆ ಶತಮಾನದಷ್ಟು ದೀರ್ಘವಾದ ಈ ಅವಧಿಯನ್ನು ಯಾವ ಮನುಷ್ಯನ ಆಯುಸ್ಸೂ ತುಂಬಲಾರದು. ಅದಕ್ಕಿಂತ ಮುಖ್ಯವಾದುದೆಂದರೆ, ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರನ್ನು ಮರೆಸಿ ಹೋದವರಲ್ಲ. ವಿಗ್ರಹಗಳ ಪೀಠದಲ್ಲಿ ಅದನ್ನು ಕೊರೆದೇ ಹೋದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಇಂದಿಗೂ ಓದಸಿಗುತ್ತಾರೆ. ಇದೇ ಮಲ್ಲಿತಮ್ಮನ ಹೆಸರು ತಿಪಟೂರಿಗೆ ಅನತಿದೂರದ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ದೇಗುಲದ ಶಿಲ್ಪಗಳ ಮೇಲೂ ಇದೆ. ಜಕಣಾಚಾರಿಯ ಕಥೆ ಕಥೆಯಾಗಿ ಬಾಳಲಿ, ಅದಕ್ಕೆ ನನ್ನ ವಿರೋಧವಿಲ್ಲ. ಆದರೆ ಕಲ್ಲಿನಲ್ಲಿ ಸ್ವತಃ ಸಹಿ ಹಾಕಿ ಹೋದವನ ಪೀಠದ ಮುಂದೆ ನಿಂತು ಮತ್ತೊಬ್ಬನ ಹೆಸರನ್ನು ಹೇಳುವುದು ನ್ಯಾಯವಲ್ಲ. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಅಲ್ಲಿಗೆ ಹೋಗಿ ಬಂದವರು ನಮ್ಮ ಅರಳಗುಪ್ಪೆಯ ಗುಡಿಗಳನ್ನೂ ತುರುವೇಕೆರೆಯ ಗುಡಿಗಳನ್ನೂ ಹೊಸ ಕಣ್ಣಿನಿಂದ ನೋಡುವಂತಾದರೆ ಯಾತ್ರೆಯ ಫಲ ಇಮ್ಮಡಿಸಿದಂತೆ.

ತಲಕಾಡಿನಲ್ಲಿ ಕೇಳಬರುವುದು ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ತರುವಾಯ, ಆತನ ಪತ್ನಿ ಒಡವೆಗಳೊಡನೆ ಮಾಲಂಗಿಯ ಮಡುವಿಗೆ ಹಾರುವ ಮುನ್ನ ಶಪಿಸಿದಳೆಂದೂ, ಊರು ಮರಳಿನಲ್ಲಿ ಮುಳುಗಿದ್ದೂ ಮೈಸೂರಿನ ಅರಸರಿಗೆ ಸಂತಾನ ಇಲ್ಲವಾದದ್ದೂ ಆ ಶಾಪದಿಂದಲೇ ಎಂದೂ ನಂಬಿಕೆ. ಅನ್ಯಾಯಕ್ಕೊಳಗಾದ ಹೆಣ್ಣೊಬ್ಬಳ ಸಂಕಟವನ್ನು ನಾಲ್ಕು ಶತಮಾನ ಕಾಲ ಮರೆಯದಿರುವ ಜನಮನಸ್ಸಿಗೆ ನಾನು ತಲೆಬಾಗುತ್ತೇನೆ. ಆದರೂ ಮರಳಿನ ಕಾರಣ ಬೇರೆಯೇ ಇದೆ. ಕಾವೇರಿ ಇಲ್ಲಿ ಬಳುಕಿ ತಿರುಗುತ್ತಾಳೆ. ತಿರುವಿನಲ್ಲಿ ಹೊಳೆಯ ವೇಗ ತಗ್ಗಿ ಮರಳು ನಿಲ್ಲುತ್ತದೆ. ನೀರು ಇಳಿದ ಬೇಸಗೆಯಲ್ಲಿ ಬಯಲಾದ ಆ ಮರಳನ್ನು ನೈಋತ್ಯದ ಗಾಳಿ ದಡದ ಮೇಲಕ್ಕೆ ಒಯ್ದು ದಿಬ್ಬಗಳಾಗಿ ಒಟ್ಟುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಧವಮಂತ್ರಿ ಕಟ್ಟಿಸಿದ ಅಣೆಕಟ್ಟೆಯಿಂದ ಹೊಳೆಯ ನಡೆ ಬದಲಾದದ್ದೂ ಇದಕ್ಕೆ ಒಂದು ಕಾರಣವೆಂದು ತಿಳಿದವರು ಹೇಳುತ್ತಾರೆ. ಇನ್ನು ಸಂತಾನದ ಮಾತು. ಚಿಕ್ಕದೇವರಾಜ ಒಡೆಯರ ತರುವಾಯ 1704ರಲ್ಲಿ ಮಗನೂ, 1714ರಲ್ಲಿ ಆ ಮಗನ ಮಗನೂ ಪಟ್ಟವೇರಿದರು. ಶಾಪ ಹುಟ್ಟಿತೆನ್ನುವ ಕಾಲಕ್ಕೆ ಒಂದು ಶತಮಾನ ಕಳೆದ ಮೇಲೂ ಅಧಿಕಾರ ತಂದೆಯಿಂದ ಮಗನಿಗೆ ನೇರವಾಗಿ ಇಳಿದ ಪರಂಪರೆ ಇದು. ನಾಲ್ವಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರ ಒಡೆಯರ ಔರಸಪುತ್ರರೇ ಆಗಿದ್ದರು. ದತ್ತು ಸ್ವೀಕಾರಗಳು ನಡೆದದ್ದು ನಿಜ, ಪದೇಪದೇ ನಡೆದದ್ದೂ ನಿಜ. ಆದರೆ ಅದನ್ನು ತಪ್ಪದ ನಿಯಮವೆನ್ನಲು ಚರಿತ್ರೆ ಎಡೆಗೊಡುವುದಿಲ್ಲ. ಶಾಪದ ಕಥೆಯಲ್ಲೇ ಹೊತ್ತು ಕಳೆದವರು, ಗಂಗರ ರಾಜಧಾನಿಯಾಗಿ, ಚೋಳರ ಕೈಸೇರಿ, ವಿಷ್ಣುವರ್ಧನನು ಚೋಳರನ್ನು ಗೆದ್ದ ನೆನಪಿಗೆ ಕೀರ್ತಿನಾರಾಯಣನನ್ನು ಪ್ರತಿಷ್ಠಿಸಿದ ಆ ಪುರಾತನ ನಗರವನ್ನು ಕಾಣದೆಯೇ ಬಸ್ಸು ಹತ್ತಿಬಿಡುತ್ತಾರೆ.

ಶಿವನಸಮುದ್ರಕ್ಕೆ ಬಂದಾಗ ನಂಬಿಕೆಗಳು ಪುರಾಣವನ್ನು ಬಿಟ್ಟು ಯಂತ್ರಯುಗಕ್ಕೆ ಕಾಲಿಡುತ್ತವೆ. ಇಲ್ಲಿನ ವಿದ್ಯುತ್ ಕೇಂದ್ರ ಏಷ್ಯಾದಲ್ಲೇ ಮೊದಲನೆಯದೆಂದೂ, ಅದನ್ನು ಕಟ್ಟಿದವರು ಸರ್ ಎಂ. ವಿಶ್ವೇಶ್ವರಯ್ಯನವರೆಂದೂ ಶಾಲೆಯ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಹೇಳುತ್ತಾರೆ. ಎರಡೂ ಸರಿಯಲ್ಲ. ಜಪಾನಿನ ಕ್ಯೋಟೋ ನಗರದ ಕೆಯಾಗೆಯಲ್ಲಿ 1891ರಷ್ಟು ಹಿಂದೆಯೇ ನೀರಿನಿಂದ ವಿದ್ಯುತ್ತನ್ನು ತೆಗೆದಿದ್ದರು. ನಮ್ಮ ದೇಶದಲ್ಲೇ ಡಾರ್ಜಿಲಿಂಗಿನ ಸಿದ್ರಾಪೊಂಗ್‌ನಲ್ಲಿ 1897ರ ನವೆಂಬರಿನಲ್ಲಿ ಪುಟ್ಟದೊಂದು ಕೇಂದ್ರ ಆರಂಭವಾಗಿತ್ತು. ಶಿವನಸಮುದ್ರದ ಹಿರಿಮೆ ಮೊದಲನೆಯದೆಂಬುದರಲ್ಲಿಲ್ಲ. 1902ರಲ್ಲಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಶಕ್ತಿಯನ್ನು ಒಯ್ದ ಧೈರ್ಯದಲ್ಲಿ ಅದು ಇದೆ. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಅಂದಿನ ಜಗತ್ತಿಗೇ ಒಂದು ಸಾಹಸವಾಗಿತ್ತು. ಬೆಂಗಳೂರಿನ ಬೀದಿಗಳಲ್ಲಿ 1905ರಲ್ಲಿ ದೀಪ ಬೆಳಗಿದ್ದೂ ಇದೇ ನೀರಿನ ಬಲದಿಂದ. ಈ ಯೋಜನೆಯನ್ನು ಕೈಗೆತ್ತಿಕೊಂಡು ನಡೆಸಿದ ದಿವಾನರು ಕೆ. ಶೇಷಾದ್ರಿ ಅಯ್ಯರ್, ಅದರ ರೂಪರೇಖೆಯನ್ನು ಹಾಕಿದ ಇಂಜಿನಿಯರು ಜೋಲಿ ದ ಲಾಟ್ಬಿನಿಯರ್. ವಿಶ್ವೇಶ್ವರಯ್ಯನವರು ಮೈಸೂರಿನ ಸೇವೆಗೆ ಬಂದದ್ದು 1909ರಲ್ಲಿ. ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಲು ತೊಡಗಿದಾಗ ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರು ದೊರೆಯಬೇಕೆಂಬ ಉದ್ದೇಶವೂ ಅವರ ಮುಂದಿತ್ತಾದ್ದರಿಂದ, ಜನರ ನೆನಪಿನಲ್ಲಿ ಎರಡೂ ಕೂಡಿಹೋದವು. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. ತಾವು ಬಯಸಿದ ಬೆಳಕನ್ನು ಕಾಣದೆ ಹೋದ ಆ ಮನುಷ್ಯನ ಹೆಸರನ್ನು ಅಲ್ಲಿ ನಿಂತಾಗಲಾದರೂ ನೆನೆಯಬೇಡವೆ?

ಗಡಿ ದಾಟುವ ಮಾತಿಗೆ ಇಲ್ಲಿ ಇನ್ನೊಂದು ಅರ್ಥವೂ ಇದೆ. ಗಡಿಯೆಂದರೆ ಹೊಗೇನಕಲ್ಲಿನಲ್ಲಿ ಮಾತ್ರ ಎಂದು ಎಣಿಸುವವರಿಗೆ, ಕೊಳ್ಳೇಗಾಲದ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದು ತಿಳಿದಿರುವುದಿಲ್ಲ. ಕಾವೇರಿ ಎರಡಾಗಿ ಒಡೆದು ಪಶ್ಚಿಮದ ಕವಲು ಗಗನಚುಕ್ಕಿಯಾಗಿಯೂ ಪೂರ್ವದ ಕವಲು ಭರಚುಕ್ಕಿಯಾಗಿಯೂ ಧುಮುಕುವಾಗ ನಡುವೆ ಉಳಿಯುವ ದ್ವೀಪವೂ ಆ ತಾಲ್ಲೂಕಿನದೇ. ನಮ್ಮ ಅಜ್ಜಂದಿರು ಭರಚುಕ್ಕಿಯನ್ನು ನೋಡಲು ಹೋದದ್ದಾದರೆ, ಮೈಸೂರು ಸಂಸ್ಥಾನವನ್ನು ದಾಟಿ ಬ್ರಿಟಿಷರ ಮದರಾಸಿಗೆ ಕಾಲಿಟ್ಟಿದ್ದರೆಂದೇ ಅರ್ಥ.

ಜಲಪಾತಗಳನ್ನು ನೋಡತಕ್ಕ ಕಾಲದ ವಿಷಯದಲ್ಲಿ ನಮ್ಮ ಸೀಮೆಯವರು ವಿಶೇಷವಾಗಿ ಮೋಸಹೋಗುತ್ತಾರೆ. ನಮಗೆ ಕೆರೆ ತುಂಬಿಸುವ ಮಳೆ ಉತ್ತರೆ, ಹಸ್ತ, ಚಿತ್ತೆಗಳು. ಆದಕಾರಣ ಹೊಳೆಗಳೆಲ್ಲ ಆಗಲೇ ತುಂಬುವುವೆಂದು ಊಹೆ. ಕಾವೇರಿಯ ಲೆಕ್ಕ ಹಾಗಲ್ಲ. ಆಕೆಯ ನೀರು ಕೊಡಗಿನಲ್ಲಿಯೂ, ಕಬಿನಿಯ ನೀರು ವಯನಾಡಿನಲ್ಲಿಯೂ ಸುರಿಯುವ ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳಿಂದ ಬರುವುದು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಕಬಿನಿ ತುಂಬಿ, ಕನ್ನಂಬಾಡಿ 124.80 ಅಡಿಯ ಪೂರ್ಣಮಟ್ಟವನ್ನು ಸಮೀಪಿಸಿ ತೂಬುಗಳನ್ನು ತೆರೆದಾಗ, ಶೆಟ್ಟಿಕೆರೆಯಲ್ಲಿ ತೆಂಗಿನ ಬುಡಕ್ಕೆ ಹನಿಯಿಲ್ಲದಿದ್ದರೂ ಶಿವನಸಮುದ್ರ ಭೋರ್ಗರೆಯುತ್ತಿರಬಹುದು. ಮಕ್ಕಳಿಗೆ ರಜೆಯೆಂದು ಏಪ್ರಿಲ್, ಮೇ ತಿಂಗಳಲ್ಲಿ ಹೋಗಿ ಬರಿಯ ಬಂಡೆಯನ್ನು ಕಂಡು, ಯಾರೋ ಬೇಕೆಂದೇ ನೀರು ನಿಲ್ಲಿಸಿದ್ದಾರೆಂದು ಬೈಯುವುದೂ ಕೇಳಿಬರುತ್ತದೆ. ಹೊಳೆ ಸೊರಗಿದ ದಿನಗಳಲ್ಲಿ ಇರುವಷ್ಟು ನೀರೂ ಮೊದಲು ನಾಲೆಯ ಮೂಲಕ ವಿದ್ಯುತ್ ಕೇಂದ್ರಕ್ಕೆ ಹೋಗುತ್ತದೆ. ಉಳಿದುದು ಮಾತ್ರ ಜಲಪಾತಕ್ಕೆ.

ಎಲ್ಲಕ್ಕಿಂತ ಅಪಾಯಕರವಾದ ಎಣಿಕೆ ಶಿವನಸಮುದ್ರದಲ್ಲಿಯೇ ಹುಟ್ಟುತ್ತದೆ. ಅದೇ ಹೊಳೆ, ಅದೇ ನೀರು, ಸ್ವಲ್ಪ ಕೆಳಗೆ ಹೋದರೆ ಹೊಗೇನಕಲ್ ಎಂದು ಜನ ತಿಳಿಯುತ್ತಾರೆ. ನೀರಿಗೆ ಅದು ನಿಜ, ಬಸ್ಸಿಗೆ ನಿಜವಲ್ಲ. ಶಿವನಸಮುದ್ರದಿಂದ ಕೆಳಗೆ ಶಿಂಷಾ, ಅರ್ಕಾವತಿಗಳನ್ನು ಕೂಡಿಕೊಂಡು ಮೇಕೆದಾಟುವಿನ ಇಕ್ಕಟ್ಟನ್ನು ಹಾಯುವ ಕಾವೇರಿ, ಕಾಡು ಕಣಿವೆಗಳ ನಡುವೆ ಹರಿಯುತ್ತಾಳೆ. ದಡವನ್ನು ಹಿಡಿದು ಸಾಗುವ ರಸ್ತೆಯಿಲ್ಲ. ಹೊಗೇನಕಲ್ಲಿನ ಕರ್ನಾಟಕದ ದಡಕ್ಕೆ ಕೊಳ್ಳೇಗಾಲ, ಹನೂರು, ಮಲೆ ಮಹದೇಶ್ವರ ಬೆಟ್ಟಗಳನ್ನು ಬಳಸಿ ಗೋಪಿನಾಥಂ ಕಡೆಯಿಂದ ಹೋಗಬೇಕು. ತಮಿಳುನಾಡಿನ ದಡಕ್ಕೆ ಧರ್ಮಪುರಿ, ಪೆನ್ನಾಗರಂ ಕಡೆಯಿಂದ. ಈ ಯಾತ್ರೆಯ ನಾಲ್ಕೂ ಸ್ಥಳಗಳನ್ನು ಸುತ್ತಿ ಶೆಟ್ಟಿಕೆರೆಗೆ ಮರಳುವ ದಾರಿ 500 ಕಿಲೋಮೀಟರಿಗೆ ಕಡಿಮೆಯಾಗದು. ಘಾಟಿ, ಊರು, ಉಬ್ಬುಗಳನ್ನು ಲೆಕ್ಕಹಿಡಿದು ಗಂಟೆಗೆ 40ರ ಸರಾಸರಿಯೆಂದರೂ ಗಾಲಿ ಉರುಳುವ ಹೊತ್ತೇ 12 ಗಂಟೆಗೆ ಮೀರಿತು. ನೋಡುವ ಹೊತ್ತು, ಉಣ್ಣುವ ಹೊತ್ತು ಬೇರೆ.

ಹೊಗೇನಕಲ್ಲಿನಲ್ಲಿ ನಿಂತು ನಮ್ಮ ನೀರು ಲೆಕ್ಕವಿಲ್ಲದೆ ಹರಿದುಹೋಗುತ್ತಿದೆಯೆಂದು ನಿಟ್ಟುಸಿರುಬಿಡುವವರಿದ್ದಾರೆ. ಅಲ್ಲಿಂದ ಸ್ವಲ್ಪ ಮೇಲೆ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಅಳತೆಯ ಕೇಂದ್ರವಿದೆ. ಸಾಮಾನ್ಯ ವರ್ಷದಲ್ಲಿ 177.25 ಟಿಎಂಸಿ ಅಡಿ ನೀರು ಅಲ್ಲಿ ಹಾಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ನಿಗದಿಮಾಡಿದೆ. ಜಲಪಾತ ಯಾರದೆಂಬ ಜಗಳವೂ ವ್ಯರ್ಥ: ಇಲ್ಲಿ ಹೊಳೆಯೇ ಎರಡು ರಾಜ್ಯಗಳ ಎಲ್ಲೆಯಾಗಿ ಹರಿಯುತ್ತದೆ, ಬಲದಂಡೆ ಕರ್ನಾಟಕ, ಎಡದಂಡೆ ತಮಿಳುನಾಡು. ಹರಿಗೋಲಿನ ವಿಷಯದಲ್ಲಿ ಮಾತ್ರ ಕಟುವಾಗಿ ಹೇಳಬೇಕಾಗಿದೆ. ಅಂಬಿಗ ಹೊಳೆಯಲ್ಲೇ ಹುಟ್ಟಿ ಬೆಳೆದವನು, ಆದುದರಿಂದ ಜೀವರಕ್ಷಕ ಕವಚ ಬೇಡ ಎಂಬುದು ಅವಿವೇಕ. ಅವನ ಕೌಶಲ ಹರಿಗೋಲನ್ನು ನಡೆಸುವುದು, ಮಗುಚಿದ ಮೇಲೆ ಎಲ್ಲರನ್ನೂ ಎತ್ತುವುದಲ್ಲ. ಮೇಲ್ಮೈ ಶಾಂತವಾಗಿರುವ ಮಡುವಿನ ಅಡಿಯಲ್ಲಿಯೇ ಸುಳಿ ಬಲವಾಗಿರುವುದುಂಟು. ಹೊಳೆ ಏರಿದಾಗ ಹರಿಗೋಲನ್ನೂ ಸ್ನಾನವನ್ನೂ ಅಧಿಕಾರಿಗಳು ನಿಲ್ಲಿಸಿದರೆ, ಇಷ್ಟು ದೂರ ಬಂದೆವಲ್ಲಾ ಎಂದು ಕಾಡಿಬೇಡುವುದು ಸಲ್ಲದು.

ಬಸ್ಸಿನ ಕಾಗದಪತ್ರಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಗಡಿಯ ಚೆಕ್‌ಪೋಸ್ಟಿನಲ್ಲಿ ಏನಾದರೂ ಕೊಟ್ಟರೆ ಯಾವ ಬಸ್ಸಾದರೂ ದಾಟುತ್ತದೆಂಬ ಮಾತನ್ನು ನಂಬಬಾರದು. ತಮಿಳುನಾಡನ್ನು ಹೊಗುವ ಬಾಡಿಗೆಯ ಬಸ್ಸಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರಬೇಕು, ಇಲ್ಲವೆ ಆ ಯಾತ್ರೆಗೆಂದೇ ಮೋಟಾರು ವಾಹನ ಕಾಯಿದೆಯ 88(8)ನೆಯ ಕಲಮಿನ ವಿಶೇಷ ಪರ್ಮಿಟ್ ಪಡೆದಿರಬೇಕು. ಪ್ರಯಾಣಿಕರ ಪಟ್ಟಿಯೂ ಜೊತೆಗಿರಬೇಕು. ರಜೆಯಲ್ಲಿ ಸುಮ್ಮನೆ ನಿಂತಿರುವ ಶಾಲೆಯ ಬಸ್ಸು ಅಗ್ಗವಾಗಿ ಸಿಗುತ್ತದೆಂದು ಹೊರಡುವುದಂತೂ ಸರ್ವಥಾ ತಪ್ಪು, ಅದರ ಪರ್ಮಿಟ್ ಇಂತಹ ಬಾಡಿಗೆಗಲ್ಲ. ತಕ್ಕ ಪರ್ಮಿಟ್ ಇಲ್ಲದೆ ಅಪಘಾತವಾದರೆ, ಹೊಣೆ ತನ್ನದಲ್ಲವೆಂದು ವಾದಿಸಲು ವಿಮೆಯ ಕಂಪನಿಗೆ ಕಾನೂನೇ ಆಸ್ಪದ ಕೊಡುತ್ತದೆ.

ಕೊನೆಗೆ ಚಾಲಕನ ವಿಷಯ. ನಾವು ಗುಡಿ ನೋಡುವಾಗ ಅವನು ಮಲಗಿರುತ್ತಾನೆ, ರಾತ್ರಿ ರಸ್ತೆ ಖಾಲಿ, ಬೇಗ ಊರು ಸೇರಬಹುದು ಎಂಬುದು ಎಲ್ಲರ ಸಮಾಧಾನ. ಬಿಸಿಲಿಗೆ ಕಾದ ಬಸ್ಸಿನೊಳಗೆ ಅರ್ಧ ಗಂಟೆ ಕಣ್ಣುಮುಚ್ಚಿದ್ದು ಇರುಳಿನ ನಿದ್ರೆಯ ಸಾಲವನ್ನು ತೀರಿಸುವುದಿಲ್ಲ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಶರೀರ ತಾನಾಗಿಯೇ ನಿದ್ರೆಗೆ ಎಳಸುತ್ತದೆ, ಚಹಾ ಅದನ್ನು ತುಸು ಮುಂದೂಡಬಲ್ಲುದೇ ಹೊರತು ತಡೆಯಲಾರದು. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆಯ ದುಡಿಮೆಯನ್ನೂ, ದೂರಮಾರ್ಗಗಳಲ್ಲಿ ಹೆಚ್ಚೆಂದರೆ 10 ಗಂಟೆಯನ್ನೂ ವಿಧಿಸಿತ್ತು. ಐದು ಗಂಟೆಯ ದುಡಿಮೆಗೆ ಒಮ್ಮೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕೆನ್ನುತ್ತಿತ್ತು. ಮೇಲೆ ಹೇಳಿದ 12 ಗಂಟೆಯ ಗಾಲಿಯ ಲೆಕ್ಕ ಒಬ್ಬ ಚಾಲಕನಿಂದ ಸಾಧ್ಯವಲ್ಲ. ಎರಡನೆಯ ಚಾಲಕನನ್ನು ಕೇಳಿ ಪಡೆಯಬೇಕು, ಅದರ ಖರ್ಚನ್ನು ಬಸ್ಸಿನವರೆಲ್ಲ ಹಂಚಿಕೊಳ್ಳಬೇಕು. ಅದಾಗದಿದ್ದರೆ ಯಾತ್ರೆಯನ್ನೇ ಎರಡು ಮಾಡಬೇಕು. ಆಗಸ್ಟಿನ ಒಂದು ದಿನ ಸೋಮನಾಥಪುರ, ತಲಕಾಡು, ಶಿವನಸಮುದ್ರಗಳನ್ನು ಸಾವಕಾಶವಾಗಿ ನೋಡಿ ಕತ್ತಲಾಗುವ ಮುನ್ನ ಹಿಂದಿರುಗಿ, ಹೊಳೆ ತುಸು ಇಳಿದ ನವೆಂಬರ್ ಅಥವಾ ಡಿಸೆಂಬರಿನಲ್ಲಿ, ಧರ್ಮಪುರಿಯಲ್ಲಿ ಒಂದು ರಾತ್ರಿ ತಂಗುವ ಏರ್ಪಾಟಿನೊಡನೆ ಹೊಗೇನಕಲ್ಲಿಗೆ ಬೇರೆಯಾಗಿ ಹೊರಡುವುದು ಉಚಿತ.