ಯಾವ ಲೋಡು ಯಾವ ಊರಿಗೆ? ಗಾಡಿ ಹತ್ತಿಸುವ ಮುಂಚೆ ಒಂದು ಲೆಕ್ಕ

ಬೆಳೆ ತೆಗೆಯೋದು ಹೇಗೆ ಅಂತ ಹೇಳಿಕೊಡೋಕೆ ಊರಿಗೆ ಹತ್ತು ಜನ ಸಿಗ್ತಾರೆ. ಬೆಳೆದದ್ದನ್ನು ಎಷ್ಟು ಕೊಯ್ಯಬೇಕು, ಯಾವ ಊರಿಗೆ ಕಳಿಸಬೇಕು ಅಂತ ಹೇಳಿಕೊಡೋರು ಕಡಿಮೆ. ನಮ್ಮ ದುಡ್ಡು ಹೆಚ್ಚಾಗಿ ಸೋರಿ ಹೋಗೋದು ಮಾತ್ರ ಅಲ್ಲೇ. ಸಾವಯವ ಬೆಳೆಗಾರರಿಗಂತೂ ಇದು ಇನ್ನೂ ಕಷ್ಟ. ಮಾಲು ಕಡಿಮೆ, ಕೊಳ್ಳೋರು ಚದುರಿದ್ದಾರೆ, ಗಾಡಿ ಬಾಡಿಗೆ ಮಾತ್ರ ಪೂರ್ತಿ ಕೊಡಬೇಕು.

ದೊಡ್ಡ ಕಂಪನಿಗಳು ಇದಕ್ಕೆ ಗಣಿತದ ಮಾದರಿಗಳನ್ನು ಬಳಸುತ್ತವೆ. ಹೆಸರು ಕೇಳಿ ಹೆದರಬೇಡಿ. ಕೂಡೋದು, ಕಳೆಯೋದು, ಗುಣಿಸೋದು ಬಂದರೆ ಸಾಕು. ಎನ್. ಬೇಗೂರಿನಂಥ ಕಾಡಂಚಿನ ಊರಿನಲ್ಲಿ ಕೂತು, ಫೋನಿನಲ್ಲೇ ಮಾಡಬಹುದಾದ ಮೂರು ಲೆಕ್ಕಗಳನ್ನು ಇವತ್ತು ನೋಡೋಣ. ಕೆಳಗಿನ ದರಗಳು ಉದಾಹರಣೆಗೆ ಮಾತ್ರ. ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

1. ಮಾರುಕಟ್ಟೆ ದರ ಬೇರೆ, ಕೈಗೆ ಸಿಗೋ ದರ ಬೇರೆ

ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಬಂಡೀಪಾಳ್ಯ ಎಪಿಎಂಸಿಯ ದರ ನೋಡಿ ಖುಷಿಯಾಗ್ತೀವಿ. ಆದರೆ ಅದು ಅಲ್ಲಿನ ದರ, ನಮ್ಮ ಹೊಲದ ದರ ಅಲ್ಲ. ದಾರಿಯಲ್ಲಿ ಹಾಳಾಗೋದು, ಬಾಡಿಗೆ, ಹಮಾಲಿ ಎಲ್ಲ ಕಳೆದ ಮೇಲೆ ಉಳಿಯೋದೇ ನಮ್ಮದು.

ಬೀನ್ಸ್ ಕೆ.ಜಿ.ಗೆ 40 ರೂಪಾಯಿ ಅಂತಿಟ್ಟುಕೊಳ್ಳಿ. ಶೇ. 10ರಷ್ಟು ಬಾಡಿ, ಮುರಿದು ಹೋದರೆ ಅದು 36 ಆಯ್ತು. ಬಾಡಿಗೆ, ಹಮಾಲಿ ಸೇರಿ ಕೆ.ಜಿ.ಗೆ 6 ರೂಪಾಯಿ ಹೋದರೆ ಉಳಿದದ್ದು 30. ಇದನ್ನು ‘ಕೈದರ’ ಅಂತ ಕರೆಯೋಣ. ಹಾಳಾಗೋದನ್ನು ಲೆಕ್ಕಕ್ಕೇ ಹಿಡಿಯದವರು ತುಂಬಾ ಜನ. ಐಸಿಎಆರ್‌ನ ಸಿಫೆಟ್ ಸಂಸ್ಥೆಯ 2015ರ ವರದಿ ಪ್ರಕಾರ, ದೇಶದಲ್ಲಿ ಕೊಯ್ಲಿನಿಂದ ಮುಂದಕ್ಕೆ ಹಾಳಾಗುವ ಟೊಮೆಟೊ ಶೇ. 12.44. ಅಂದರೆ ಎಂಟು ಕ್ರೇಟಿಗೆ ಒಂದು ಕ್ರೇಟು.

2. ಯಾರ ಮಾಲು ಎಲ್ಲಿಗೆ?

ಈಗ ಅಸಲಿ ವಿಷಯಕ್ಕೆ ಬರೋಣ. ಒಂದು ಬೆಳೆಗಾರರ ಗುಂಪಿನಲ್ಲಿ ಬೇಗೂರಿನವರ ಹತ್ತಿರ 600 ಕೆ.ಜಿ., ಪಿರಿಯಾಪಟ್ಟಣದವರ ಹತ್ತಿರ 400 ಕೆ.ಜಿ. ಬೀನ್ಸ್ ಇದೆ. ಮೈಸೂರಿನ ಅಂಗಡಿಗಳಿಗೆ 600 ಕೆ.ಜಿ., ಕುಶಾಲನಗರದ ಕಡೆಗೆ 400 ಕೆ.ಜಿ. ಬೇಕು. ಕೈದರ ಹೀಗಿದೆ:

- ಬೇಗೂರಿನಿಂದ ಮೈಸೂರಿಗೆ 30, ಕುಶಾಲನಗರಕ್ಕೆ 22
- ಪಿರಿಯಾಪಟ್ಟಣದಿಂದ ಮೈಸೂರಿಗೆ 32, ಕುಶಾಲನಗರಕ್ಕೆ 29

ಎಲ್ಲರೂ ಮೊದಲು ಮಾಡೋದೇನು? ಅತಿ ಹೆಚ್ಚು ದರ 32. ಹಾಗಾಗಿ ಪಿರಿಯಾಪಟ್ಟಣದ 400 ಕೆ.ಜಿ.ಯನ್ನೂ ಮೈಸೂರಿಗೇ ಹಾಕ್ತೀವಿ. ಆಮೇಲೆ ಮೈಸೂರಿನಲ್ಲಿ 200 ಕೆ.ಜಿ.ಗೆ ಮಾತ್ರ ಜಾಗ. ಬೇಗೂರಿನವರು 200 ಅಲ್ಲಿಗೆ, ಉಳಿದ 400 ದೂರದ ಕುಶಾಲನಗರಕ್ಕೆ. ಒಟ್ಟು: 12,800 + 6,000 + 8,800 = 27,600 ರೂಪಾಯಿ.

ಈಗ ಅದಲುಬದಲು ಮಾಡಿ ನೋಡಿ. ಬೇಗೂರಿನ 600 ಕೆ.ಜಿ. ಪೂರ್ತಿ ಮೈಸೂರಿಗೆ, ಪಿರಿಯಾಪಟ್ಟಣದ 400 ಕೆ.ಜಿ. ಕುಶಾಲನಗರಕ್ಕೆ. ಒಟ್ಟು: 18,000 + 11,600 = 29,600. ಅದೇ ಮಾಲು, ಅದೇ ಕೊಳ್ಳೋರು, ಎರಡು ಸಾವಿರ ಹೆಚ್ಚು.

ಕಾರಣ ಸರಳ. ಮೈಸೂರು ಬಿಟ್ಟು ಕುಶಾಲನಗರಕ್ಕೆ ಹೋದರೆ ಬೇಗೂರಿನವರಿಗೆ ಕೆ.ಜಿ.ಗೆ 8 ರೂಪಾಯಿ ನಷ್ಟ, ಪಿರಿಯಾಪಟ್ಟಣದವರಿಗೆ 3 ಮಾತ್ರ. ಆದ್ದರಿಂದ ‘ಯಾರಿಗೆ ದರ ಹೆಚ್ಚು’ ಅಂತ ಕೇಳಬಾರದು. ‘ಜಾಗ ಬಿಟ್ಟುಕೊಟ್ಟರೆ ಯಾರಿಗೆ ನಷ್ಟ ಕಡಿಮೆ’ ಅಂತ ಕೇಳಬೇಕು.

ಗಣಿತದಲ್ಲಿ ಇದು ‘ಸಾಗಣೆ ಸಮಸ್ಯೆ’. ಅಮೆರಿಕದ ಹಿಚ್‌ಕಾಕ್ 1941ರಲ್ಲಿ ಇದನ್ನು ಬರೆದಿಟ್ಟರು. ಇಂಥ ಲೆಕ್ಕಗಳನ್ನು ನೂರಾರು ಊರುಗಳಿದ್ದರೂ ಬಿಡಿಸುವ ವಿಧಾನವನ್ನು ಡಾಂಟ್ಜಿಗ್ 1947ರಲ್ಲಿ ಕಂಡುಹಿಡಿದರು. ಎರಡು ಊರಿಗೆ ಕಾಗದ ಸಾಕು. ಹತ್ತು ಊರಾದರೆ ಕಂಪ್ಯೂಟರಿನ ಲಿಬ್ರೆ ಆಫೀಸ್ ಅಥವಾ ಎಕ್ಸೆಲ್‌ನಲ್ಲಿ ಇರುವ ‘ಸಾಲ್ವರ್’ ಮಾಡಿಕೊಡುತ್ತದೆ.

ಇಲ್ಲೊಂದು ಕೊಕ್ಕೆ ಇದೆ. ಗುಂಪಿಗೆ ಲಾಭವಾಯ್ತು, ಆದರೆ ಪಿರಿಯಾಪಟ್ಟಣದವರಿಗೆ 32ರ ಬದಲು 29 ಸಿಕ್ಕಿತು. ಅವರಿಗೆ 1,200 ಖೋತಾ. ಬೇಗೂರಿನವರಿಗೆ 3,200 ಹೆಚ್ಚಾಯ್ತು. ಇದನ್ನು ಹಾಗೇ ಬಿಟ್ಟರೆ ಮುಂದಿನ ವಾರ ಅವರು ತಮ್ಮ ಗಾಡಿ ತಾವೇ ಹೊರಡಿಸಿಕೊಂಡು ಮೈಸೂರಿಗೆ ಹೋಗ್ತಾರೆ, ಗುಂಪು ಒಡೆಯುತ್ತದೆ. ಬೇಗೂರಿನವರು 2,200 ಅವರಿಗೆ ಕೊಟ್ಟರೆ, ಎರಡೂ ಕಡೆಗೆ ಮೊದಲಿಗಿಂತ ತಲಾ ಸಾವಿರ ಹೆಚ್ಚು ಉಳಿಯುತ್ತದೆ. ಮಾದರಿ ಒಟ್ಟು ಲಾಭ ಹೇಳುತ್ತದೆ, ಹಂಚಿಕೆ ಹೇಳುವುದಿಲ್ಲ. ಅದನ್ನು ನಾವೇ, ಲೋಡು ಹತ್ತಿಸುವ ಮುಂಚೆಯೇ, ಮಾತಾಡಿ ಬರೆದಿಟ್ಟುಕೊಳ್ಳಬೇಕು.

3. ಎಷ್ಟು ಕೊಯ್ಯಬೇಕು?

ಪಾಲಕ್ ಕಟ್ಟಿಗೆ 15 ರೂಪಾಯಿ. ಕೊಯ್ದು, ಕಟ್ಟಿ, ಸಾಗಿಸೋಕೆ 5 ರೂಪಾಯಿ. ಮಾರದೆ ಉಳಿದದ್ದು ಹಸುವಿಗೆ. ಒಂದು ಕಟ್ಟು ಹೆಚ್ಚಾದರೆ 5 ನಷ್ಟ, ಒಂದು ಕಡಿಮೆ ಬಿದ್ದರೆ 10 ರೂಪಾಯಿ ಲಾಭ ತಪ್ಪಿತು. ಈಗ 10ನ್ನು 10+5ರಿಂದ ಭಾಗಿಸಿ: ಮೂರರಲ್ಲಿ ಎರಡು ಪಾಲು. ಹೋದ 12 ವಾರಗಳ ಬೇಡಿಕೆಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ:

40, 45, 48, 50, 52, 55, 55, 60, 62, 65, 70, 80

ಹನ್ನೆರಡರಲ್ಲಿ ಮೂರನೇ ಎರಡು ಪಾಲು ಅಂದರೆ ಎಂಟನೆಯದು: 60 ಕಟ್ಟು. ಸರಾಸರಿ ಸುಮಾರು 57. ಲಾಭ ಚೆನ್ನಾಗಿದ್ದಾಗ ಸರಾಸರಿಗಿಂತ ಸ್ವಲ್ಪ ಹೆಚ್ಚೇ ಕೊಯ್ಯಬೇಕು. ದರ 8 ರೂಪಾಯಿಗೆ ಬಿದ್ದರೆ? ಆಗ ಲಾಭ 3, ನಷ್ಟ 5. ಎಂಟರಲ್ಲಿ ಮೂರು ಪಾಲು. ಪಟ್ಟಿಯಲ್ಲಿ ಐದನೆಯದು, 52. ದರ ಬಿದ್ದಾಗ ‘ಹೆಚ್ಚು ಮಾರಿ ಸರಿದೂಗಿಸ್ತೀನಿ’ ಅಂತ ಇನ್ನಷ್ಟು ಕೊಯ್ಯೋದು ಯಾಕೆ ತಪ್ಪು ಅಂತ ಈ ಒಂದು ಭಾಗಾಕಾರ ತೋರಿಸುತ್ತದೆ.

ಒಂದು ಎಚ್ಚರಿಕೆ: ಬೇಡಿಕೆ ಅಂದರೆ ಮಾರಿದ್ದಷ್ಟೇ ಅಲ್ಲ. 50 ಕಟ್ಟು ಖಾಲಿಯಾದ ಮೇಲೆ ಹತ್ತು ಜನ ಕೇಳಿ ವಾಪಸ್ ಹೋದರೆ ಆ ವಾರ 60 ಅಂತ ಬರೆಯಿರಿ.

ದಾರಿ, ಮತ್ತು ನಮ್ಮ ಕಟ್ಟುಪಾಡುಗಳು

ಒಂದೇ ಗಾಡಿ ಹತ್ತು ಹೊಲ ಸುತ್ತಿ ಬರಬೇಕಾದರೆ ಎಷ್ಟು ಕ್ರಮದಲ್ಲಿ ಹೋಗಬಹುದು? 36,28,800. ಎಲ್ಲವನ್ನೂ ಕೂತು ಲೆಕ್ಕ ಹಾಕೋಕೆ ಆಗಲ್ಲ. ಪೆಟ್ರೋಲ್ ಬಂಕುಗಳಿಗೆ ಟ್ಯಾಂಕರ್ ಕಳಿಸೋ ಇಂಥದ್ದೇ ಸಮಸ್ಯೆ ಬಗ್ಗೆ ಡಾಂಟ್ಜಿಗ್ ಮತ್ತು ರಾಮ್ಸರ್ 1959ರಲ್ಲಿ ಬರೆದರು. ಡಾ. ಎಂ.ಎಚ್. ಮರೀಗೌಡರ ಮುತುವರ್ಜಿಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ, ಅಂದರೆ ಇಂದಿನ ಹಾಪ್‌ಕಾಮ್ಸ್, ಹುಟ್ಟಿದ್ದೂ 1959ರಲ್ಲೇ. ಒಂದು ದಾರಿಯ ಲೆಕ್ಕ, ಇನ್ನೊಂದು ಕೂಡಿ ಮಾರುವ ಲೆಕ್ಕ. ನಮಗೆ ಎರಡೂ ಬೇಕು. ನಮ್ಮೂರ ಹಾಲಿನ ಗಾಡಿಯನ್ನು ಗಮನಿಸಿ: ದಿನಾ ಅದೇ ದಾರಿ, ಅದೇ ಹೊತ್ತು. ತರಕಾರಿಗೂ ಅಂಥ ಒಂದು ದಾರಿ ನಿಗದಿ ಮಾಡಿಕೊಂಡರೆ ಕೊಯ್ಲಿನ ಹೊತ್ತು ತಾನಾಗೇ ಗೊತ್ತಾಗುತ್ತದೆ.

ನಮ್ಮ ಭಾಗದ ಕಟ್ಟುಪಾಡುಗಳನ್ನು ಮಾದರಿಗೆ ನಾವೇ ಹೇಳಬೇಕು. ಆನೆ ಓಡಾಡೋ ಕಡೆ ಬೆಳಕು ಹರಿಯುವ ಮುಂಚೆ ಹೊಲಕ್ಕೆ ಇಳಿಯೋ ಹಾಗಿಲ್ಲ. ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ಕಾಡುರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕಾಗದದ ಮೇಲೆ ಕೇರಳದ ದರ ಎಷ್ಟೇ ಚೆನ್ನಾಗಿದ್ದರೂ, ಗೇಟಿನ ಹೊತ್ತಿಗೆ ಗಾಡಿ ತಲುಪದಿದ್ದರೆ ಆ ದರ ನಮ್ಮದಲ್ಲ.

ಈ ವಾರವೇ ಶುರು ಮಾಡಿ

ಫೋನಿನಲ್ಲಿ ಗೂಗಲ್ ಶೀಟ್ಸ್ ತೆರೆದು ಏಳು ಕಾಲಂ ಮಾಡಿ: ದಿನಾಂಕ, ಬೆಳೆ, ಕೊಯ್ದದ್ದು, ಕೇಳಿದ್ದು, ಮಾರಿದ್ದು, ಹಾಳಾದದ್ದು, ಸಾಗಣೆ ಖರ್ಚು. ದಿನಕ್ಕೆ ಐದು ನಿಮಿಷ. ಹನ್ನೆರಡು ವಾರ ತುಂಬಿದ ಮೇಲೆ ಮೇಲಿನ ಮೂರೂ ಲೆಕ್ಕ ನಿಮ್ಮದೇ ಅಂಕಿಯಲ್ಲಿ ಸಿಗುತ್ತದೆ. ಮಾದರಿ ಎಷ್ಟೇ ದೊಡ್ಡದಾಗಿರಲಿ, ಒಳಗೆ ಹಾಕಿದ ಅಂಕಿ ಸುಳ್ಳಾದರೆ ಉತ್ತರವೂ ಸುಳ್ಳೇ. ಆ ಅಂಕಿ ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಯಾರ ಹತ್ತಿರವೂ ಇಲ್ಲ. ನಿಮ್ಮ ಹೊಲದಲ್ಲೇ ಇದೆ. ಬರೆದಿಡಿ.